ರೇಂಜ್‌ಫೈಂಡರ್ ಕೊಳ್ಳೋ ಮುಂಚೆ ಕೇಳ್ರಿ: ದೂರ ಅಳೆಯೋ ಯಂತ್ರ, ಹತ್ತಿರದ ಕಾನೂನು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಹೊಲದ ಬದುವಿನ ಮ್ಯಾಲೆ ಕೂತಿದ್ರೂ ಸರಿ, ಹುಬ್ಬಳ್ಳಿ ಬಸ್ಸಿನಾಗೆ ನಿಂತಿದ್ರೂ ಸರಿ. ಇವತ್ತಿನ ವಿಷಯ ರೇಂಜ್‌ಫೈಂಡರ್.

ಅಂದ್ರೆ ಏನು? ಕಣ್ಣಿಗೆ ಹಿಡಿದು ಗುಂಡಿ ಒತ್ತಿದರೆ ಎದುರಿನ ಮರ, ಗುಡ್ಡ, ಪ್ರಾಣಿ ಎಷ್ಟು ದೂರ ಇದೆ ಅಂತ ಅಂಕಿಯಲ್ಲಿ ತೋರಿಸೋ ಸಣ್ಣ ಸಾಧನ. ಮುಷ್ಟಿಯಲ್ಲಿ ಹಿಡಿಯುವಷ್ಟೇ ಗಾತ್ರ. ಫೋನಿನಲ್ಲಿ ಒಮ್ಮೆ ಹುಡುಕಿದರೆ ಸಾಕು, ವಿದೇಶದ ಬೇಟೆಗಾರರ ವಿಡಿಯೋಗಳು ಸಾಲಾಗಿ ಬಂದು ನಿಲ್ತಾವೆ. ಅತ್ತ ಗೋವಿನಜೋಳದ ಹೊಲಕ್ಕೆ ರಾತ್ರಿ ಕಾಡುಹಂದಿ ನುಗ್ತಿದೆ, ಇತ್ತ ಫೋನಿನಲ್ಲಿ ಈ ಯಂತ್ರ ಕಾಣ್ತಿದೆ. ಎರಡನ್ನೂ ಜೋಡಿಸೋ ಯೋಚನೆ ಯಾರಿಗಾದರೂ ಬರಬಹುದು. ಅದಕ್ಕೇ ಮೊದಲು ಕಾನೂನು, ಆಮೇಲೆ ಯಂತ್ರ.

ಬೇಟೆ ಅನ್ನೋ ಮಾತು ಇಲ್ಲಿ ಮುಗಿದಿದೆ

ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದು 1972ರಲ್ಲಿ. ಅದರ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಗುಂಡು ಹಾರಿಸಿದರೆ ಮಾತ್ರ ಬೇಟೆ ಅಂತ ಅಂದುಕೊಳ್ಳಬೇಡ್ರಿ. ಉರುಳು ಹಾಕೋದು, ಬಲೆಗೆ ಕೆಡವೋದು, ವಿಷ ಇಡೋದು, ಓಡಿಸಿಕೊಂಡು ಹೋಗೋದು, ಇದಕ್ಕೆಲ್ಲ ಪ್ರಯತ್ನ ಮಾಡೋದು ಕೂಡ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ.

ನಮ್ಮ ಜಿಲ್ಲೆಯಲ್ಲೇ ನೋಡ್ರಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಿಂದ ಇದೆ, ವಿಸ್ತೀರ್ಣ ಸುಮಾರು 119 ಚದರ ಕಿಲೋಮೀಟರ್. ನಾವು ಚಿಗರಿ ಅಂತ ಕರೆಯೋ ಈ ಪ್ರಾಣಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯ ನವಿಲುಗಳೂ ಅದೇ ಅನುಸೂಚಿಯಲ್ಲಿವೆ. ಇವುಗಳನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ. ಅಪರಾಧಕ್ಕೆ ಬಳಸಿದ ಬಂದೂಕು, ಗಾಡಿ, ಸಾಧನಗಳೂ ಸರ್ಕಾರದ ಪಾಲಾಗ್ತವೆ.

ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಥವಾ ಜೀವಕ್ಕೆ ಅಪಾಯ ಆಗ್ತಿದ್ರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಆ ಆದೇಶ ಇಲ್ಲದೆ ಯಾರೂ ಹೊಡೆಯುವ ಹಾಗಿಲ್ಲ. ‘ಬೆಳೆ ರಕ್ಷಣೆಗೆ ಬಂದೂಕಿನ ಲೈಸೆನ್ಸ್ ಇದೆಯಲ್ಲ’ ಅನ್ನೋರಿಗೂ ಇದೇ ಉತ್ತರ. ಲೈಸೆನ್ಸ್ ಬಂದೂಕು ಇಟ್ಟುಕೊಳ್ಳೋಕೆ, ಪ್ರಾಣಿ ಕೊಲ್ಲೋಕೆ ಅಲ್ಲ. ಲೈಸೆನ್ಸ್ ಬೇಡದ 0.177 ಕ್ಯಾಲಿಬರ್ ಏರ್‌ಗನ್ನಿನಿಂದ ನವಿಲಿಗೆ ಹೊಡೆದರೂ ಅಪರಾಧ ಅಪರಾಧವೇ.

ಹಾಗಾದ್ರೆ ರೇಂಜ್‌ಫೈಂಡರ್ ಯಾಕೆ ಬೇಕು? ಅದಕ್ಕೆ ಬೇಟೆಗಿಂತ ಒಳ್ಳೆಯ ಕೆಲಸಗಳಿವೆ. ಅದಕ್ಕೂ ಮೊದಲು ಅದು ಹೇಗೆ ಅಳೆಯುತ್ತೆ ಅಂತ ತಿಳಿಯೋಣ.

ಬೆಳಕು ಹೋಗಿ ಬರೋ ಲೆಕ್ಕ

ಗುಂಡಿ ಒತ್ತಿದಾಗ ಕಣ್ಣಿಗೆ ಕಾಣದ ಅತಿಗೆಂಪು ಲೇಸರ್ ಮಿಣುಕು ಹೊರಗೆ ಹೋಗುತ್ತೆ, ಎದುರಿನ ವಸ್ತುವಿಗೆ ಬಡಿದು ವಾಪಸ್ ಬರುತ್ತೆ. ಹೋಗಿ ಬರೋಕೆ ಹಿಡಿದ ಸಮಯವನ್ನ ಯಂತ್ರ ಎಣಿಸುತ್ತೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. 300 ಮೀಟರ್ ದೂರದ ಮರಕ್ಕೆ ಹೋಗಿ ಬರೋಕೆ ಸೆಕೆಂಡಿನ 10 ಲಕ್ಷದಲ್ಲಿ 2 ಭಾಗ ಸಾಕು. ಇಷ್ಟು ಸಣ್ಣ ಹೊತ್ತನ್ನ ಎಣಿಸೋದರಿಂದ ಸಾಮಾನ್ಯ ಯಂತ್ರಗಳಲ್ಲಿ ಒಂದು ಮೀಟರ್ ಆಚೀಚೆ ಆಗೋದು ಸಹಜ. ಈ ಒಂದು ಮೀಟರ್ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಡಬ್ಬಿ ಮೇಲಿನ ಅಂಕಿಗೆ ಮರುಳಾಗಬೇಡ್ರಿ

‘1000 ಯಾರ್ಡ್’ ಅಂತ ದೊಡ್ಡದಾಗಿ ಬರೆದಿರ್ತಾರೆ. ಮೊದಲನೇ ಮಾತು, ಯಾರ್ಡ್ ಅಂದ್ರೆ ಮೀಟರ್ ಅಲ್ಲ. ಒಂದು ಯಾರ್ಡ್‌ಗೆ 0.91 ಮೀಟರ್. 1000 ಯಾರ್ಡ್ ಅಂದ್ರೆ 914 ಮೀಟರ್. ಪರದೆಯಲ್ಲಿ ಮೀಟರ್‌ಗೆ ಬದಲಿಸೋ ಸೌಲಭ್ಯ ಇದೆಯಾ ಅಂತ ನೋಡ್ರಿ.

ಎರಡನೇ ಮಾತು, ಆ ದೂರ ಹೊಳೆಯೋ ವಸ್ತುವಿಗೆ, ಅಂದ್ರೆ ರಸ್ತೆ ಬದಿಯ ಪ್ರತಿಫಲಕ ಫಲಕದಂಥದ್ದಕ್ಕೆ ಸಿಗೋ ಅಂಕಿ. ಸವಣೂರಿನ ದೊಡ್ಡಹುಣಸೆ ಮರದ ಆ ದಪ್ಪ ಬೊಡ್ಡೆಗೆ ಬೆಳಕು ಬಿಟ್ಟರೆ ಸುಲಭವಾಗಿ ಉತ್ತರ ಬರುತ್ತೆ. ಆದರೆ ಕಂದು ರೋಮದ ಪ್ರಾಣಿ ಬೆಳಕನ್ನ ಹೀರಿಕೊಳ್ಳುತ್ತೆ, ಅಲ್ಲಿ ಅರ್ಧ ದೂರಕ್ಕೇ ಯಂತ್ರ ಕೈಚೆಲ್ಲಬಹುದು. ಸುಡು ಬಿಸಿಲು, ಮಂಜು, ಮಳೆ ಇದ್ರೆ ಇನ್ನೂ ಕಡಿಮೆ. ಹಾಗಾಗಿ ಡಬ್ಬಿಯ ದೊಡ್ಡ ಅಂಕಿ ಬಿಟ್ಟು, ‘ಮರಕ್ಕೆ ಎಷ್ಟು, ಪ್ರಾಣಿಗೆ ಎಷ್ಟು’ ಅಂತ ಒಳಗಿನ ಸಣ್ಣಕ್ಷರ ಓದ್ರಿ.

ಮೂರನೇದು ಲೇಸರ್ ಹರಡುವಿಕೆ. ಕಿರಣ ದೂರ ಹೋದಂತೆ ಅಗಲವಾಗುತ್ತೆ. 3 ಮಿಲಿರೇಡಿಯನ್ ಹರಡುವ ಯಂತ್ರದ ಕಿರಣ 100 ಮೀಟರಿನಲ್ಲಿ 30 ಸೆಂಟಿಮೀಟರ್, 300 ಮೀಟರಿನಲ್ಲಿ 90 ಸೆಂಟಿಮೀಟರ್ ಅಗಲ ಇರುತ್ತೆ. ಕೃಷ್ಣಮೃಗದ ಭುಜದ ಎತ್ತರ ಸುಮಾರು 80 ಸೆಂಟಿಮೀಟರ್. ಅಂದ್ರೆ ಅಷ್ಟು ದೂರದಲ್ಲಿ ಕಿರಣ ಪ್ರಾಣಿಗಿಂತ ದೊಡ್ಡದು, ಒಂದಿಷ್ಟು ಬೆಳಕು ಹಿಂದಿನ ಹುಲ್ಲಿಗೂ ಬಡಿಯುತ್ತೆ. ಯಂತ್ರ ಯಾವುದರ ದೂರ ಹೇಳ್ತಿದೆ ಅನ್ನೋದೇ ಆಗ ಪ್ರಶ್ನೆ.

ಅದಕ್ಕೇ ಮೋಡ್‌ಗಳು ಇರ್ತವೆ. ಹತ್ತಿರದ ವಸ್ತು ಮೊದಲು ಅನ್ನೋದು ಒಂದು, ದೂರದ ವಸ್ತು ಮೊದಲು ಅನ್ನೋದು ಇನ್ನೊಂದು. ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಿ ನಿಂತು ಎಲೆಗಳ ಸಂದಿಯಿಂದ ಆಚೆಯ ಬದುವನ್ನ ಅಳೆಯಬೇಕಾದ್ರೆ ಎರಡನೇದು ಬೇಕು, ಇಲ್ಲಾಂದ್ರೆ ಮುಂದಿನ ಎಲೆಯ ದೂರವನ್ನೇ ತೋರಿಸುತ್ತೆ. ಹಾನಗಲ್ಲಿನ ಆನೆಕೆರೆಯಂಥ ಜಾಗದಲ್ಲಿ ನೀರಿನ ಮೇಲೆ ಗುರಿ ಇಡಬೇಡ್ರಿ. ಬೆಳಕು ಜಾರಿ ಮುಂದಕ್ಕೆ ಹೋಗುತ್ತೆ. ಆಚೆ ದಂಡೆಯ ಕಲ್ಲೋ ಮರವೋ ನೋಡಿ ಅಳೀರಿ.

ಗುಡ್ಡದ ಇಳಿಜಾರು ಇದ್ರೆ ಇನ್ನೊಂದು ವಿಷಯ. ನೇರ ದೂರ 100 ಮೀಟರ್, ಏರು 30 ಡಿಗ್ರಿ ಅಂದ್ರೆ ನೆಲಮಟ್ಟದ ದೂರ 86.6 ಮೀಟರ್ ಮಾತ್ರ. ಕೋನ ಲೆಕ್ಕ ಹಾಕೋ ಯಂತ್ರ ಇದನ್ನ ತಾನೇ ಕಳೆದು ಹೇಳುತ್ತೆ.

ಶೂಟಿಂಗ್ ಸ್ಪರ್ಧೆಗೆ ಬೇಕಾ?

ಬೇಡ. ಏರ್ ರೈಫಲ್, ಏರ್ ಪಿಸ್ತೂಲ್ ಸ್ಪರ್ಧೆ 10 ಮೀಟರಿಗೆ, ಉಳಿದವು ಹೆಚ್ಚಾಗಿ 25, 50 ಮೀಟರಿಗೆ. ಗುರಿಹಲಗೆ ಎಲ್ಲಿರಬೇಕು ಅಂತ ನಿಯಮವೇ ಹೇಳುತ್ತೆ. ಬಿಲ್ಲುಗಾರಿಕೆಯಲ್ಲೂ ರಿಕರ್ವ್‌ಗೆ 70 ಮೀಟರ್, ಕಾಂಪೌಂಡ್‌ಗೆ 50 ಮೀಟರ್ ಅಂತ ನಿಗದಿ. ದೂರ ಹೇಳದೇ ಗುರಿ ಇಡೋ ಫೀಲ್ಡ್ ಆರ್ಚರಿ ಅನ್ನೋ ಪ್ರಕಾರವೊಂದಿದೆ. ಅಲ್ಲಿ ಕಣ್ಣಂದಾಜೇ ಪರೀಕ್ಷೆ, ಎಲೆಕ್ಟ್ರಾನಿಕ್ ರೇಂಜ್‌ಫೈಂಡರ್ ತರೋ ಹಾಗೇ ಇಲ್ಲ. ಶೂಟಿಂಗ್ ಕಲಿಬೇಕು ಅನ್ನೋ ಆಸೆ ಇದ್ರೆ ಆ ದುಡ್ಡನ್ನ ತರಬೇತಿಗೆ ಹಾಕ್ರಿ.

ಮತ್ತೆ ಯಾರಿಗೆ ಉಪಯೋಗ?

ಮೊದಲನೇದಾಗಿ, ಪ್ರಾಣಿ ಎಣಿಸೋರಿಗೆ. ಕಾಡಿನಲ್ಲಿ ನಿಗದಿತ ನೇರ ದಾರಿಯಲ್ಲಿ ನಡೀತಾ, ಕಂಡ ಜಿಂಕೆಯ ಹಿಂಡು ಎಷ್ಟು ದೂರ, ಯಾವ ಕೋನದಲ್ಲಿ ಇದೆ ಅಂತ ಬರೆದುಕೊಳ್ತಾರೆ. ದೂರಕ್ಕೆ ರೇಂಜ್‌ಫೈಂಡರ್, ಕೋನಕ್ಕೆ ದಿಕ್ಸೂಚಿ. ಹತ್ತಿರದ ಪ್ರಾಣಿ ಹೆಚ್ಚು ಕಾಣುತ್ತೆ, ದೂರದ್ದು ಕಡಿಮೆ ಕಾಣುತ್ತೆ. ಈ ವ್ಯತ್ಯಾಸದಿಂದ ಕಾಣದೇ ಉಳಿದವು ಎಷ್ಟು ಅಂತ ಅಂದಾಜು ಮಾಡ್ತಾರೆ. ನಾಗರಹೊಳೆಯಲ್ಲಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಲೈನ್ ಟ್ರಾನ್ಸೆಕ್ಟ್ ವಿಧಾನ ಬಳಸಿದ್ದಾರೆ. 60 ಮೀಟರನ್ನ 40 ಅಂತ ಕಣ್ಣಂದಾಜಿನಲ್ಲಿ ಬರೀತಾ ಹೋದ್ರೆ, ಇಲ್ಲದ ಪ್ರಾಣಿಗಳು ಕಾಗದದ ಮೇಲೆ ಹುಟ್ಟಿಬಿಡ್ತವೆ. ಅರಣ್ಯ ಇಲಾಖೆ ಗಣತಿಗೆ ಸ್ವಯಂಸೇವಕರನ್ನ ಕರೆದಾಗ ನೀವೂ ಹೋಗಬಹುದು.

ಎರಡನೇದಾಗಿ, ಬೇಲಿ ಲೆಕ್ಕಕ್ಕೆ. ಚೌಕಾಕಾರದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 63.6 ಮೀಟರ್, ಸುತ್ತಳತೆ 254 ಮೀಟರ್. ಸೋಲಾರ್ ಬೇಲಿಗೆ ನಾಲ್ಕು ಸಾಲು ತಂತಿ ಅಂದ್ರೆ ಸಾವಿರ ಮೀಟರಿಗಿಂತ ಸ್ವಲ್ಪ ಹೆಚ್ಚು. ಇಲ್ಲಿ ಬದಿಗೊಂದು ಮೀಟರ್ ತಪ್ಪಿದ್ರೂ ಲೆಕ್ಕ ಕೆಡಲ್ಲ, ನಾಲ್ಕು ಮೂಲೆಗೆ ನಿಂತು ಐದೇ ನಿಮಿಷದಲ್ಲಿ ಮುಗಿಸಬಹುದು. ಆದ್ರೆ ಒಂದು ಮಾತು: ಸೋಲಾರ್ ಬೇಲಿಯ ಯಂತ್ರ ಬಿಟ್ಟು ಬಿಟ್ಟು ಕ್ಷಣಮಾತ್ರದ ಹೊಡೆತ ಕೊಡುತ್ತೆ. ಮನೆಯ ಅಥವಾ ಪಂಪ್‌ಸೆಟ್ಟಿನ ಲೈನಿನಿಂದ ನೇರ ಕರೆಂಟ್ ಬಿಟ್ಟರೆ ಹಂದಿ ಜೊತೆ ನೀರು ಹಾಯಿಸೋಕೆ ಬಂದ ಪಕ್ಕದ ಹೊಲದವರೂ ಸಾಯ್ತಾರೆ. ಆ ಕೆಲಸ ಬೇಡವೇ ಬೇಡ.

ಜಮೀನಿನ ಹದ್ದುಬಸ್ತು ಜಗಳಕ್ಕೆ ಮಾತ್ರ ಇದನ್ನ ಹೊರಗೆ ತೆಗೀಬೇಡ್ರಿ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ, ಅಂದ್ರೆ ಬದಿಗೆ ಸುಮಾರು 10 ಮೀಟರ್. ಆಗ ಹೇಳಿದ ಆ ಒಂದು ಮೀಟರ್ ಎರಡೂ ಬದಿಗೆ ಹೆಚ್ಚು ತೋರಿಸಿದ್ರೆ ವಿಸ್ತೀರ್ಣ ಶೇಕಡಾ 20ಕ್ಕಿಂತ ಹೆಚ್ಚು ಉಬ್ಬುತ್ತೆ. ಅಣ್ಣ ತಮ್ಮಂದಿರ ನಡುವೆ ಕೋರ್ಟ್ ಹತ್ತೋಕೆ ಅಷ್ಟು ಸಾಕು. ಅದಕ್ಕೆ ಮೋಜಿಣಿ ಅರ್ಜಿ ಹಾಕಿ ಸರ್ಕಾರಿ ಭೂಮಾಪಕರನ್ನ ಕರೆಸ್ರಿ.

ಕೊಳ್ಳೋದೇ ಆದ್ರೆ

ನಮ್ಮ ಕೆಲಸಕ್ಕೆ ಮರಕ್ಕೆ 400-500 ಮೀಟರ್ ಅಳೆಯೋ ಯಂತ್ರ ಸಾಕು, 2000ದ್ದು ಬೇಡ. ದೊಡ್ಡದು ಮಾಡಿ ತೋರಿಸೋ ಶಕ್ತಿ 6 ಪಟ್ಟು ಇದ್ರೆ ಕೈ ನಡುಗಿದ್ರೂ ನೋಡಬಹುದು. ಕರಿ ಅಂಕಿಯ ಪರದೆ ಮುಸ್ಸಂಜೆಗೆ ಕಾಣಲ್ಲ, ಕೆಂಪು ಬೆಳಕಿನ ಅಂಕಿ ಕಾಣುತ್ತೆ. ಹಲವು ಯಂತ್ರಗಳಿಗೆ ಸಿಆರ್2 ಅನ್ನೋ ಗಿಡ್ಡ ಬ್ಯಾಟರಿ ಬೇಕು. ಅದು ಊರ ಅಂಗಡೀಲಿ ಸಿಗುತ್ತಾ ಅಂತ ಮೊದಲೇ ವಿಚಾರಿಸ್ರಿ, ಸಿಗದಿದ್ರೆ ಯುಎಸ್‌ಬಿ ಚಾರ್ಜಿಂಗ್ ಇರೋದನ್ನ ತಗೋರಿ. ಲೇಸರ್ ಕ್ಲಾಸ್ 1 ಅಂತ ಬರೆದಿರಲಿ. ಆದರೂ ಮಂದಿಯ ಕಣ್ಣಿಗೆ ಹಿಡೀಬೇಡ್ರಿ, ಅದರೊಳಗಿಂದ ಸೂರ್ಯನನ್ನಂತೂ ನೋಡಲೇಬೇಡ್ರಿ.

ಆನ್‌ಲೈನಿನಲ್ಲಿ ತರಿಸಿದ್ರೆ ವಾಪಸ್ ಮಾಡೋ ಅವಧಿ ಮುಗಿಯೋ ಮೊದಲೇ ಪರೀಕ್ಷೆ ಮಾಡ್ರಿ. ಟೇಪಿನಿಂದ 50 ಮೀಟರ್ ಅಳೆದು ಗೋಡೆಗೆ ಹತ್ತು ಸಲ ಗುರಿ ಇಡ್ರಿ, ಬಂದ ಅಂಕಿ ಬರೆದುಕೊಳ್ರಿ. 49, 50, 51ರ ಒಳಗೇ ಇದ್ರೆ ಇಟ್ಕೊಳ್ರಿ. ಒಮ್ಮೆ 44, ಇನ್ನೊಮ್ಮೆ 57 ಬಂದ್ರೆ ವಾಪಸ್ ಕಳಿಸ್ರಿ.

ಹಂದಿ ಹೊಲಕ್ಕೆ ಬಂದಿದ್ರೆ ಫೋಟೋ ತೆಗೆದು, ಸರ್ವೆ ನಂಬರ್ ಬರೆದು ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಅರ್ಜಿ ಕೊಡ್ರಿ, ಬೆಳೆ ಪರಿಹಾರಕ್ಕೆ ದಾರಿ ಅದೇ. ಈ ಸಂಚಿಕೆಯನ್ನ ಊರ ವಾಟ್ಸಾಪ್ ಗುಂಪಿಗೆ ಕಳಿಸ್ರಿ, ರಾತ್ರಿ ಹೊಲ ಕಾಯೋ ಗೆಳೆಯರು ಕೇಳಲಿ. ಮುಂದಿನ ವಾರ ಸಿಗೋಣ, ಬರ್ತೀನ್ರಿ.