ಮನೆಯ ತೋಟೆ, ಅಂಗಡಿಯ ತೋಟೆ

ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ, ನವೆಂಬರ್ ತಿಂಗಳ ನಾಲ್ಕನೆಯ ಗುರುವಾರದ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬ ಕಳೆದು ಬರುವ ಸೋಮವಾರದಂದು, ಎಷ್ಟೋ ಶಾಲೆಗಳ ಬಾಗಿಲು ತೆರೆಯುವುದಿಲ್ಲ. ಅಂದು ಯಾವ ಮಹಾಪುರುಷನ ಜಯಂತಿಯೂ ಅಲ್ಲ, ಪುಣ್ಯತಿಥಿಯೂ ಅಲ್ಲ. ಬಹುಕಾಲದಿಂದ ಜಿಂಕೆಯ ಬೇಟೆಗೆ ಸರ್ಕಾರದ ಅನುಮತಿ ಆರಂಭವಾಗುತ್ತಿದ್ದುದು ಆ ದಿನವಾದುದರಿಂದ, ಮಕ್ಕಳೂ ಉಪಾಧ್ಯಾಯರೂ ಸಮಾನವಾಗಿ ಕಾಡು ಸೇರುತ್ತಿದ್ದರೆಂಬುದೇ ಈ ರಜೆಯ ಮೂಲ. 2019ರಲ್ಲಿ ಆ ಆರಂಭವನ್ನು ಎರಡು ದಿನ ಮುಂಚಿನ ಶನಿವಾರಕ್ಕೆ ಸರಿಸಿದರೂ ಸೋಮವಾರದ ರಜೆ ಹಲವು ಕಡೆಗಳಲ್ಲಿ ಹಾಗೆಯೇ ಉಳಿದಿದೆ. ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ಬರಲೆಂದು ಹೋಗಿದ್ದ ನನಗೆ ಈ ಬೇಟೆಯ ಸಂಭ್ರಮದಲ್ಲಿ ಆಸಕ್ತಿಯಾಗಲಿ ಅರ್ಹತೆಯಾಗಲಿ ಇರಲಿಲ್ಲ. ಆದರೆ ಪಕ್ಕದ ಮನೆಯಾತ, ಅಂಚೆಯ ಕೆಲಸದಿಂದ ನಿವೃತ್ತನಾಗಿದ್ದ ಎಪ್ಪತ್ತು ದಾಟಿದ ವೃದ್ಧ, ಒಂದು ಸಂಜೆ ತನ್ನ ನೆಲಮಾಳಿಗೆಗೆ ನನ್ನನ್ನು ಕರೆದುಕೊಂಡು ಹೋಗಿ, ನಮ್ಮಲ್ಲಿ ಹಿರಿಯರು ಸಾಲಿಗ್ರಾಮದ ಸಂಪುಟವನ್ನು ತೆರೆದು ತೋರಿಸುವಷ್ಟು ಶ್ರದ್ಧೆಯಿಂದ, ತಾನು ಕೋವಿಯ ತೋಟೆಗಳನ್ನು ತುಂಬುವ ಮೇಜನ್ನು ತೋರಿಸಿದ. ತನ್ನ ರೈಫಲ್ಲಿಗೆ ಬೇಕಾದ ತೋಟೆಗಳನ್ನು ನಲವತ್ತು ವರ್ಷಗಳಿಂದ ತಾನು ಅಂಗಡಿಯಲ್ಲಿ ಕೊಂಡೇ ಇಲ್ಲವೆಂದೂ, ಅದರಿಂದ ಉಳಿಸಿದ ಹಣ ಅಷ್ಟಿಷ್ಟಲ್ಲವೆಂದೂ ಆತ ಹೇಳಿದ. ಮೆಟ್ಟಿಲ ಮೇಲೆ ನಿಂತಿದ್ದ ಆತನ ಹೆಂಡತಿ ಆ ಮಾತಿಗೆ ನಕ್ಕುಬಿಟ್ಟಳು. ಈ ಲೇಖನಕ್ಕೆ ಕಾರಣವಾದುದು ಆ ನಗೆ.

ವಿಷಯವನ್ನು ಅರಿಯದವರಿಗಾಗಿ ಎರಡು ಮಾತು. ರೈಫಲ್ಲಿನ ತೋಟೆಯಲ್ಲಿ ನಾಲ್ಕೇ ಅಂಗಗಳು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೂತ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕೋವಿಯ ಬಿಲ್ಲನ್ನು (ಟ್ರಿಗರನ್ನು) ಎಳೆದಾಗ ಕೇಪು ಕಿಡಿಗಾರುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಗುಂಡು ನಳಿಗೆಯಿಂದ ಹೊರಟುಹೋಗುತ್ತದೆ, ಉಳಿಯುವುದು ಕೊಳವೆ. ಈ ನಾಲ್ಕರಲ್ಲಿ ಅತ್ಯಂತ ಬೆಲೆಬಾಳುವುದು ಅನೇಕ ವೇಳೆ ಆ ಕೊಳವೆಯೇ ಆಗಿರುವುದರಿಂದಲೂ, ನೂರಕ್ಕೆ ಎಪ್ಪತ್ತು ಪಾಲು ತಾಮ್ರ ಮೂವತ್ತು ಪಾಲು ಸತುವಿನ ಆ ಹಿತ್ತಾಳೆ ಬಿರಿಯದೆ ಹಿಗ್ಗಿ ಕುಗ್ಗಬಲ್ಲುದಾದುದರಿಂದಲೂ, ಅದನ್ನು ಎಸೆಯದೆ ಹೆಕ್ಕಿ ತಂದು, ತೊಳೆದು, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡುಗಳನ್ನು ಕೂಡಿಸಿದರೆ ಅದು ಮತ್ತೊಂದು ಜನ್ಮಕ್ಕೆ ಸಿದ್ಧವಾಗುತ್ತದೆ. ಇಂಥ ಜನ್ಮಗಳು ಐದಾರಕ್ಕೆ ಮುಗಿಯುವುದೂ ಉಂಟು, ಹತ್ತು ಹನ್ನೆರಡರವರೆಗೆ ಸಾಗುವುದೂ ಉಂಟು. ಅಮೆರಿಕನ್ನರು ಈ ಕೆಲಸವನ್ನು ‘ರೀಲೋಡಿಂಗ್’ ಎನ್ನುತ್ತಾರೆ.

ಇದು ಅಲ್ಲಿ ಮನೆಮನೆಯ ಹವ್ಯಾಸವಾಗಿ ಬೆಳೆದುದಕ್ಕೆ ಒಂದು ವಿನೋದದ ಕಾರಣವಿದೆ. 1866ರ ಸುಮಾರಿನಲ್ಲಿ ಎರಡು ಬಗೆಯ ಕೇಪುಗಳು ಹುಟ್ಟಿದವು: ಇಂಗ್ಲೆಂಡಿನ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರನದೊಂದು, ಅಮೆರಿಕದ ಅಂತರ್ಯುದ್ಧದಲ್ಲಿ ಗುರಿಕಾರರ ಪಡೆಯನ್ನು ನಡೆಸಿದ ಹೈರಮ್ ಬರ್ಡನನದು ಮತ್ತೊಂದು. ಬಾಕ್ಸರನ ಕೇಪು ಕೂರುವ ಕೊಳವೆಯ ಬುಡದ ನಡುವೆ ಒಂದೇ ರಂಧ್ರವಿರುವುದರಿಂದ ಒಳಗಿನಿಂದ ಸೂಜಿಯೊಂದನ್ನು ಒತ್ತಿದರೆ ಸುಟ್ಟ ಕೇಪು ಉದುರಿಬೀಳುತ್ತದೆ. ಬರ್ಡನನದರಲ್ಲಿ ಎರಡು ಸಣ್ಣ ರಂಧ್ರಗಳು ಪಕ್ಕದಲ್ಲಿರುವುದರಿಂದ ಹಾಗೆ ಒತ್ತುವುದು ಸುಲಭಸಾಧ್ಯವಲ್ಲ. ಕಾಲಕ್ರಮದಲ್ಲಿ ಇಂಗ್ಲಿಷನ ಕೇಪನ್ನು ಅಮೆರಿಕವೂ, ಅಮೆರಿಕನ್ನನ ಕೇಪನ್ನು ಯೂರೋಪಿನ ಬಹುಭಾಗವೂ ಆರಿಸಿಕೊಂಡವು. ಪರದೇಶದ ಅಳಿಯನಿಗೆ ಮನೆಯೊಳಗೆ ಮಣೆ ಸಿಕ್ಕಂತೆ ಆಯಿತು. ಹೀಗಾಗದೆ ಇದ್ದಿದ್ದರೆ ನನ್ನ ನೆರೆಯವನ ನೆಲಮಾಳಿಗೆಯಲ್ಲಿ ಆ ಮೇಜು ಇರುತ್ತಿದ್ದುದು ಸಂದೇಹ.

ಹೊಲಿಗೆಯ ಯಂತ್ರ ಮನೆಗೆ ಬಂದಂತೆ ತೋಟೆಯ ಯಂತ್ರವೂ ಮನೆಗೆ ಬಂದುದು ಎರಡನೆಯ ಮಹಾಯುದ್ಧದ ಹಿಂದುಮುಂದಿನ ಕಾಲದಲ್ಲಿ. ಸೈನ್ಯಕ್ಕೆಂದು ತಯಾರಾಗಿ ಉಳಿದುಹೋಗಿದ್ದ ಮದ್ದನ್ನು ಬ್ರೂಸ್ ಹಾಡ್ಜ್‌ಡನ್ ಎಂಬಾತ ಸಗಟಾಗಿ ಕೊಂಡು, ಕ್ಯಾನ್ಸಾಸಿನ ಬಯಲಿನಲ್ಲಿ ಹಳೆಯ ರೈಲುಡಬ್ಬಿಯೊಂದರಲ್ಲಿ ದಾಸ್ತಾನಿಟ್ಟು, ಬಿಡಿಯಾಗಿ ಮಾರತೊಡಗಿದ. ಇಂದಿಗೂ ಮಾರಾಟವಾಗುವ ‘ಎಚ್ 4895’ ಎಂಬ ಮದ್ದಿನ ಎಚ್ ಅಕ್ಷರ ಆತನದೇ. ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್‌ಟನ್ ‘ರಾಕ್‌ಚಕ್’ ಎಂಬ ಬಿಲವಾಸಿ ಪ್ರಾಣಿಯನ್ನು ಹೊಡೆಯಲು ಬೇಕಾದ ಸಣ್ಣ ಗುಂಡುಗಳನ್ನು ಒತ್ತುವ ಅಚ್ಚು ಮಾಡಿದ. ಆ ಪ್ರಾಣಿಯ ಹೆಸರೇ ಮುಂದೆ ಆರ್‌ಸಿಬಿಎಸ್ ಎಂಬ ಪ್ರಸಿದ್ಧ ಯಂತ್ರಗಳ ಮುದ್ರೆಯೊಳಗೆ ಅಡಗಿಕೊಂಡಿತು. 1949ರಲ್ಲಿ ಜಾಯ್ಸ್ ಹಾರ್ನಡಿ ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡಿನಲ್ಲಿ ಗುಂಡು ಮಾಡಲು ತೊಡಗಿದ. ಅಂದಿನ ದಿನಗಳಲ್ಲಿ ಅಗ್ಗದ ಮಾತು ನಿಜವಾಗಿಯೂ ನಿಜವಾಗಿತ್ತು. ಇಂದಿಗೂ ನಿಜವೇ ಎಂಬುದು ಪ್ರಶ್ನೆ.

ಲೆಕ್ಕ ಹಾಕೋಣ. ನೆರೆಯವನದು .30-06 ರೈಫಲ್ಲು, 1906ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ತೋಟೆಯಾದ್ದರಿಂದ ಆ ಹೆಸರು. ಬೇಟೆಗೆ ತಕ್ಕ ಸಾಧಾರಣ ಗುಣದ ಇಪ್ಪತ್ತು ತೋಟೆಗಳ ಪೆಟ್ಟಿಗೆಗೆ ಈಚೆಗೆ ಅಂಗಡಿಯಲ್ಲಿ ನಲವತ್ತು ಡಾಲರಿನ ಆಸುಪಾಸು ಕೊಡಬೇಕು. ಎಂದರೆ ತೋಟೆಗೆ ಎರಡು ಡಾಲರು. ಮನೆಯಲ್ಲಿ ತುಂಬುವುದಾದರೆ ಒಳ್ಳೆಯ ಗುಂಡಿಗೆ ಅರುವತ್ತು ಸೆಂಟು, ಕೇಪಿಗೆ ಹತ್ತು ಸೆಂಟು. ಮದ್ದನ್ನು ತೂಗುವುದು ಗ್ರೇನಿನಲ್ಲಿ, ನಮ್ಮ ಅಕ್ಕಸಾಲಿಗನ ಗುಲಗಂಜಿಯ ಸುಮಾರು ಅರ್ಧ ತೂಕ ಅದು. ಒಂದು ಪೌಂಡಿಗೆ 7000 ಗ್ರೇನು. ಲೆಕ್ಕದ ಅನುಕೂಲಕ್ಕಾಗಿ ತೋಟೆಗೆ ಐವತ್ತು ಗ್ರೇನೆಂದು ಹಿಡಿದರೆ (ನಿಜವಾದ ಅಳತೆಯನ್ನು ತಯಾರಕರ ಕೈಪಿಡಿ ಹೇಳಬೇಕೇ ಹೊರತು ನನ್ನಂಥ ಲೇಖಕನಲ್ಲ) ಪೌಂಡಿಗೆ ನೂರ ನಲವತ್ತು ತೋಟೆ; ಪೌಂಡಿನ ಬೆಲೆ ನಲವತ್ತೈದು ಡಾಲರಾದರೆ ತೋಟೆಗೆ ಮೂವತ್ತೆರಡು ಸೆಂಟು. ಒಂದು ಡಾಲರಿನ ಹಿತ್ತಾಳೆ ಎಂಟು ಸಲ ಬಾಳಿದರೆ ಹನ್ನೆರಡು ಸೆಂಟು. ಒಟ್ಟು ಒಂದು ಡಾಲರು ಹದಿನಾಲ್ಕು ಸೆಂಟು. ಉಳಿತಾಯ ಎಂಬತ್ತಾರು ಸೆಂಟು.

ಇಷ್ಟಕ್ಕೇ ನಿಲ್ಲಿಸಿದರೆ ವೃದ್ಧನೇ ಗೆದ್ದ. ಆದರೆ ಒತ್ತುವ ಪ್ರೆಸ್ಸು, ಅಚ್ಚುಗಳು, ತಕ್ಕಡಿ, ಕ್ಯಾಲಿಪರು, ಹಿತ್ತಾಳೆಯನ್ನು ಉಜ್ಜುವ ತೊಟ್ಟಿ, ಉದ್ದ ಬೆಳೆದ ಕೊಳವೆಯನ್ನು ಕತ್ತರಿಸುವ ಉಪಕರಣ, ಇವೆಲ್ಲಕ್ಕೂ ಸೇರಿ ಐನೂರು ಡಾಲರಾದರೂ ಬೇಕು. ಐನೂರನ್ನು ಎಂಬತ್ತಾರು ಸೆಂಟಿನಿಂದ ಭಾಗಿಸಿದರೆ ಸುಮಾರು ಐನೂರ ಎಂಬತ್ತು ತೋಟೆಗಳಾದ ಮೇಲೆಯೇ ಬಂಡವಾಳ ಹಿಂತಿರುಗುವುದು. ಗುರಿ ಸರಿನೋಡಿಕೊಳ್ಳಲು ಹತ್ತಾರು, ಕಾಡಿನಲ್ಲಿ ಒಂದೆರಡು, ಹೀಗೆ ವರ್ಷಕ್ಕೆ ಇಪ್ಪತ್ತು ಈಡು ಹಾರಿಸುವ ಬೇಟೆಗಾರನಿಗೆ ಅದು ಇಪ್ಪತ್ತೊಂಬತ್ತು ವರ್ಷಗಳ ಮಾತು. ಮದುವೆಯ ವರ್ಷ ಪ್ರೆಸ್ಸು ಕೊಂಡವನಿಗೆ ಲಾಭ ಕಾಣುವ ಹೊತ್ತಿಗೆ ಮಗನ ಮದುವೆಯಾಗಿರುತ್ತದೆ.

ಹೆಚ್ಚು ಹಾರಿಸುವವನಿಗೆ ಲಾಭ ಬೇಗ ಬಾರದೇ ಎಂದರೆ, ಅದೂ ಯಾವ ತೋಟೆ ಎಂಬುದನ್ನು ಅವಲಂಬಿಸಿದೆ. ಅಮೆರಿಕದಲ್ಲಿ ಅತಿ ಹೆಚ್ಚಾಗಿ ಖರ್ಚಾಗುವ ರೈಫಲ್ ತೋಟೆಗಳಲ್ಲೊಂದಾದ .223 ಅಂಗಡಿಯಲ್ಲಿ ಐವತ್ತು ಸೆಂಟಿಗೆ ದೊರೆಯುತ್ತದೆ. ನೆಲದಿಂದ ಹೆಕ್ಕಿದ ಹಿತ್ತಾಳೆಯನ್ನೇ ಬಳಸಿದರೂ ಮನೆಯಲ್ಲಿ ಮೂವತ್ತೆಂಟು ಸೆಂಟು ಬೀಳುತ್ತದೆ. ಉಳಿಯುವುದು ಹನ್ನೆರಡು ಸೆಂಟು. ಒಂದೊಂದಾಗಿ ಒತ್ತುವ ಸಾಮಾನ್ಯ ಪ್ರೆಸ್ಸಿನಲ್ಲಿ, ತೊಳೆಯುವುದರಿಂದ ಹಿಡಿದು ಪೆಟ್ಟಿಗೆಗೆ ತುಂಬುವವರೆಗೆ, ಗಂಟೆಗೆ ಐವತ್ತು ತೋಟೆಗಳಾದರೆ ಕೈ ಪಳಗಿದೆಯೆಂದೇ ಅರ್ಥ. ಐವತ್ತು ಹನ್ನೆರಡಲ ಆರು ಡಾಲರು. ಆ ದೇಶದ ಕೇಂದ್ರ ಸರ್ಕಾರ 2009ರಲ್ಲಿ ಜಾರಿಗೆ ತಂದ ಕನಿಷ್ಠ ಕೂಲಿಯೇ ಗಂಟೆಗೆ ಏಳೂಕಾಲು ಡಾಲರು! ತನ್ನ ನೆಲಮಾಳಿಗೆಯಲ್ಲಿ ತಾನೇ ಯಜಮಾನನೂ ತಾನೇ ಆಳೂ ಆಗಿ ದುಡಿಯುವ ಈತ, ತನಗೆ ತಾನು ಕಾನೂನಿಗಿಂತ ಕಡಿಮೆ ಕೂಲಿ ಕೊಟ್ಟುಕೊಳ್ಳುತ್ತಿರುವನೆಂಬುದನ್ನು ಯಾವ ಕಾರ್ಮಿಕ ಅಧಿಕಾರಿಯೂ ಕೇಳುವಂತಿಲ್ಲ. ಹವ್ಯಾಸಕ್ಕೆ ಕೂಲಿ ಲೆಕ್ಕವಿಡುವುದು ಅರಸಿಕತೆಯೆಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ; ಆದರೆ ಹಾಗೆ ಹೇಳಿದ ಬಳಿಕ ಅದನ್ನು ಉಳಿತಾಯವೆಂದು ಕರೆಯಬಾರದು.

ಇನ್ನು ಸ್ವಾವಲಂಬನೆಯ ವಾದ. 2020ರಲ್ಲಿ ಕೋವಿಡ್ ಹರಡಿದಾಗ ಹೊಸದಾಗಿ ಕೋವಿ ಕೊಂಡವರ ಸಂಖ್ಯೆ ಏಕಾಏಕಿ ಏರಿ, ಅಂಗಡಿಗಳಲ್ಲಿ ತೋಟೆಯ ಕಪಾಟುಗಳು ಬರಿದಾದುವು. ಮನೆಯಲ್ಲಿ ತುಂಬುವವರು ತಾವು ಬಚಾವಾದೆವೆಂದು ಬೀಗಿದರು. ಆದರೆ ಗುಂಡನ್ನು ಸೀಸ ಕರಗಿಸಿ ಎರಕ ಹೊಯ್ಯಬಹುದು, ಹಿತ್ತಾಳೆಯನ್ನು ಹೆಕ್ಕಬಹುದು, ಮಸೂರಬೇಳೆಯಷ್ಟಿರುವ ಆ ಕೇಪನ್ನು ಮಾತ್ರ ಕಾರ್ಖಾನೆಯೇ ಕೊಡಬೇಕು. ಕಾರ್ಖಾನೆಗಳಾದರೋ ಇದ್ದ ಕೇಪುಗಳನ್ನು ತಮ್ಮ ಸಿದ್ಧ ತೋಟೆಗಳಿಗೇ ಮೊದಲು ಬಳಸಿಕೊಂಡುವು. ಸಾವಿರಕ್ಕೆ ಮೂವತ್ತು ನಲವತ್ತು ಡಾಲರಿದ್ದ ಕೇಪಿನ ಬೆಲೆ ದುಪ್ಪಟ್ಟು ಮೀರಿ ಏರಿತು, ಮತ್ತೆ ಹಳೆಯ ಮಟ್ಟಕ್ಕೆ ಇಳಿಯಲೇ ಇಲ್ಲ. ಕೇಪು ಮದ್ದುಗಳನ್ನು ತರಿಸಿಕೊಂಡರೆ ಅಪಾಯಕರ ವಸ್ತುವಿನ ಸಾಗಣೆಯೆಂದು ಪ್ರತ್ಯೇಕ ಶುಲ್ಕ ಬೇರೆ.

ನಮ್ಮ ಕೊಡಗಿನ ಮತ್ತು ಮಲೆನಾಡಿನ ಕೇಪಿನ ಕೋವಿಯ ನೆನಪು ನನಗೆ ಬಂದುದು ಇಲ್ಲಿಯೇ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆಯನ್ನೋ ಗುಂಡನ್ನೋ ಇಳಿಸಿ, ಕೊನೆಗೆ ಕೇಪು ಕೂರಿಸುತ್ತಿದ್ದ ಅಜ್ಜನಿಗೆ ಪ್ರತಿ ಈಡೂ ಸ್ವಂತ ಕೈಯದೇ. ಬೇರೆ ದಾರಿಯೇ ಇಲ್ಲದಿದ್ದುದರಿಂದ ಅದು ಅಗ್ಗವೋ ದುಬಾರಿಯೋ ಎಂದು ಆತ ಕೇಳಿಕೊಳ್ಳಲಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಲಾಗಿದೆಯಾದರೂ, ಕೈಲ್ ಮುಹೂರ್ತದಂದು ಪೂಜೆಗೊಳ್ಳುವ ಆ ಕೋವಿಗೂ ಪೆನ್ಸಿಲ್ವೇನಿಯಾದ ನೆಲಮಾಳಿಗೆಯ ಪ್ರೆಸ್ಸಿಗೂ ಇರುವ ಸಂಬಂಧ ಇಷ್ಟೇ: ಎರಡೂ ಕಡೆ ಕೇಪು ಪೇಟೆಯಿಂದಲೇ ಬರಬೇಕು.

ಹಾಗಾದರೆ ಈ ಶ್ರಮಕ್ಕೆ ಅರ್ಥವೇ ಇಲ್ಲವೇ? ಇದೆ, ಎರಡು ಸಂದರ್ಭಗಳಲ್ಲಿ ನಿಸ್ಸಂದೇಹವಾಗಿ ಇದೆ. ಸಾವಿರ ಗಜ ದೂರದ ಗುರಿಗೆ ಸ್ಪರ್ಧಿಸುವವರು ಬಳಸುವ .338 ಲಾಪುವಾದಂಥ ಭಾರೀ ತೋಟೆಗೆ ಅಂಗಡಿಯಲ್ಲಿ ಐದಾರು ಡಾಲರು. ಮನೆಯಲ್ಲಿ ಅದರ ಅರ್ಧ. ಅಂಥವರು ವರ್ಷಕ್ಕೆ ಇಪ್ಪತ್ತಲ್ಲ, ಸಾವಿರ ಹಾರಿಸುವವರು. ಒಂದೇ ಋತುವಿನಲ್ಲಿ ಪ್ರೆಸ್ಸಿನ ಸಾಲ ತೀರುತ್ತದೆ. ಇದಲ್ಲದೆ ತಮ್ಮ ನಳಿಗೆಗೆ ಒಪ್ಪುವ ಮದ್ದು, ಗುಂಡಿನ ಆಳ, ವೇಗಗಳನ್ನು ಕೂದಲೆಳೆಯಷ್ಟು ಸರಿಹೊಂದಿಸಿಕೊಳ್ಳುವುದು ಅವರಿಗೆ ಸಾಧ್ಯವಾಗುತ್ತದೆ. ಕಾರ್ಖಾನೆಯ ತೋಟೆಗಳೂ ಈಗ ಬಹಳ ಸುಧಾರಿಸಿರುವುದು ನಿಜ. ನೂರು ಗಜದಲ್ಲಿ ಒಂದೆರಡು ಅಂಗುಲದೊಳಗೆ ಬೀಳುವ ಗುಂಡು ಜಿಂಕೆಗೆ ಧಾರಾಳವಾಗಿ ಸಾಕು, ಆದರೆ ಪದಕಕ್ಕೆ ಸಾಲದು.

ಎರಡನೆಯದು ಮರೆತ ತೋಟೆಗಳ ಸಂದರ್ಭ. ಬೆಂಗಳೂರಿನಲ್ಲಿದ್ದು ನಮ್ಮ ಕಾಡುಗಳಲ್ಲಿ ನರಭಕ್ಷಕ ಹುಲಿ ಚಿರತೆಗಳನ್ನು ಅರಸಿದ ಕೆನೆತ್ ಆಂಡರ್ಸನ್ ನೆಚ್ಚಿಕೊಂಡಿದ್ದುದು .405 ವಿಂಚೆಸ್ಟರ್, 1909ರ ಆಫ್ರಿಕಾ ಯಾತ್ರೆಯಲ್ಲಿ ಥಿಯೊಡೋರ್ ರೂಸ್‌ವೆಲ್ಟನು ಒಯ್ದುದೂ ಅದೇ. ಆ ತೋಟೆಯ ತಯಾರಿಕೆ ನಿಂತು ದಶಕಗಳಾಗಿ, ಈ ಶತಮಾನದ ಆರಂಭದಲ್ಲಿ ಮತ್ತೆ ಮಾರುಕಟ್ಟೆಗೆ ಬರುವವರೆಗೆ, ಅಮೆರಿಕದಲ್ಲಿ ಅಂಥ ಕೋವಿಗಳನ್ನು ಗೋಡೆಯ ಅಲಂಕಾರವಾಗದಂತೆ ಕಾಪಾಡಿದವರು ಮನೆಯಲ್ಲಿ ತೋಟೆ ತುಂಬುವ ಈ ಮಂದಿಯೇ. ಇಲ್ಲಿ ಬೆಲೆಯ ಹೋಲಿಕೆಗೇ ಅವಕಾಶವಿಲ್ಲ. ಹೋಲಿಸಲು ಅಂಗಡಿಯ ತೋಟೆ ಇರಬೇಕಲ್ಲ.

ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದ ಖರ್ಚೊಂದಿದೆ. ಗಮನ ಚದುರಿ ಒಂದೇ ಕೊಳವೆಗೆ ಎರಡು ಸಲ ಮದ್ದು ಸುರಿದರೆ, ಅಥವಾ ಬೇಗ ಉರಿಯುವ ಪಿಸ್ತೂಲಿನ ಮದ್ದನ್ನು ರೈಫಲ್ಲಿನದೆಂದು ಭ್ರಮಿಸಿದರೆ, ಒಡೆಯುವುದು ಕಬ್ಬಿಣ ಮಾತ್ರವಲ್ಲ. ಮನೆಯಲ್ಲಿ ತುಂಬಿದ ತೋಟೆಯಿಂದ ಹಾನಿಯಾದರೆ ಹಲವು ಕೋವಿ ತಯಾರಕರು ಹೊಣೆ ಹೊರುವುದಿಲ್ಲ. ನನ್ನ ನೆರೆಯವನ ಮೇಜಿನ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬಿ ಇರುತ್ತಿತ್ತು, ಉಳಿದುವು ಬೀಗದೊಳಗೆ. ಕೆಲಸದ ಹೊತ್ತಿನಲ್ಲಿ ಆತ ರೇಡಿಯೋ ಹಾಕುತ್ತಿರಲಿಲ್ಲ, ಹೆಂಡತಿ ಕರೆದರೂ ಓಗೊಡುತ್ತಿರಲಿಲ್ಲ. ಆಕೆಯ ನಗೆಗೆ ಇದೂ ಒಂದು ಕಾರಣವಿದ್ದೀತು. ಮುಖ್ಯ ಕಾರಣವನ್ನು ಆಕೆಯೇ ಆಮೇಲೆ ಹೇಳಿದಳು: ತೋಟೆ ಅಗ್ಗವಾಯಿತೆಂದು ಈತ ಮೂರು ಪಾಲು ಹೆಚ್ಚು ಹಾರಿಸುತ್ತಾನೆ, ಹಾರಿಸಿ ಹಾರಿಸಿ ಒಂದು ನಳಿಗೆಯನ್ನೇ ಸವೆಸಿ ಬದಲಾಯಿಸಿದ್ದಾನೆ.

ನನ್ನ ತೀರ್ಪನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೀಗೆ ಹೇಳುತ್ತಿದ್ದೆ: ವರ್ಷಕ್ಕೊಂದು ಜಿಂಕೆಯ ಬೇಟೆಗಾರನು ಅಂಗಡಿಯಲ್ಲಿ ಎರಡು ಪೆಟ್ಟಿಗೆ ಕೊಂಡು ನೆಮ್ಮದಿಯಾಗಿರಲಿ; ಸ್ಪರ್ಧಿಯೂ ಹಳೆಯ ಕೋವಿಯ ಒಡೆಯನೂ ಪ್ರೆಸ್ಸು ಕೊಳ್ಳಲಿ; ಮಿಕ್ಕವರು ಸಂಜೆಯ ಎರಡು ಗಂಟೆ ಏಕಾಗ್ರತೆಯಿಂದ ಕೂತಿರುವ ಸುಖ ಬೇಕಿದ್ದರೆ ಕೊಳ್ಳಲಿ, ಹಣದ ಹೆಸರು ಹೇಳದಿರಲಿ. ನಾನು ಊರಿಗೆ ಹಿಂತಿರುಗುವ ಹಿಂದಿನ ದಿನ ವೃದ್ಧ ತನ್ನ ದಪ್ಪ ನೋಟುಪುಸ್ತಕವನ್ನು ತೋರಿಸಿದ. ಯಾವ ತಾರೀಖು ಎಷ್ಟು ತೋಟೆ, ಯಾವ ಮದ್ದು, ಎಷ್ಟು ಗ್ರೇನು, ಗುಂಡು ಎಲ್ಲಿ ಬಿತ್ತು ಎಂಬುದೆಲ್ಲ ನಲವತ್ತು ವರ್ಷಗಳದೂ ಅದರಲ್ಲಿತ್ತು. ಒಂದು ಪುಟದಲ್ಲಿಯೂ ಬೆಲೆ ಬರೆದಿರಲಿಲ್ಲ. ಕಪಾಟಿನಲ್ಲಿ ತುಂಬಿಟ್ಟ ತೋಟೆಗಳು ಆರು ನೂರರ ಮೇಲಿದ್ದುವು. ಆ ವರ್ಷದ ಜಿಂಕೆಗೆ ಆತ ಖರ್ಚು ಮಾಡಿದ್ದು ಒಂದು.