ಹಳೆಯ ಸೈನಿಕ ಕಠಾರಿಗಳ ಮೇಲಿನ ಹೆಸರು ಕೆತ್ತನೆ: ನೈಜತೆಯ ಪರಿಶೀಲನೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಪ್ರದೇಶವು ಪಾಳೆಯಗಾರರು, ಮರಾಠರು, ಹೈದರಾಲಿ, ಟಿಪ್ಪು ಸುಲ್ತಾನ್ ಹಾಗೂ ಬ್ರಿಟಿಷರ ಸೈನ್ಯಗಳು ಸಂಚರಿಸಿದ ನೆಲವಾಗಿದೆ. ನಂದಿದುರ್ಗವನ್ನು ಕಾರ್ನ್‌ವಾಲಿಸನ ಸೈನ್ಯವು 1791ರ ಅಕ್ಟೋಬರ್ ತಿಂಗಳಿನಲ್ಲಿ ವಶಪಡಿಸಿಕೊಂಡಿತು. ಆದ್ದರಿಂದ ಈ ಭಾಗದ ಕೆಲವು ಮನೆತನಗಳಲ್ಲಿ ಕಠಾರಿ, ಬಾಕು, ಬಯೊನೆಟ್ ಮುಂತಾದ ಆಯುಧಗಳು ಉಳಿದುಬಂದಿರುವುದು ಸಹಜ. ಇವುಗಳಲ್ಲಿ ಕೆಲವದರ ಅಲಗು ಅಥವಾ ಹಿಡಿಯ ಮೇಲೆ ವ್ಯಕ್ತಿಯ ಹೆಸರು, ಬಿರುದು ಅಥವಾ ವರ್ಷವನ್ನು ಕೆತ್ತಲಾಗಿರುತ್ತದೆ.

ಪ್ರಸಿದ್ಧ ಹೆಸರಿನೊಂದಿಗೆ ವಸ್ತುವಿನ ಬೆಲೆಯೂ ಏರುತ್ತದೆ. ಟಿಪ್ಪುವಿನ ಶಯನಗೃಹದ ಖಡ್ಗವು 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡುಗಳಿಗೆ ಮಾರಾಟವಾಯಿತು. ಇಂತಹ ಬೆಲೆಯ ಆಸೆಯಿಂದ ಸಾಮಾನ್ಯ ಆಯುಧಗಳ ಮೇಲೆ ಹೊಸದಾಗಿ ಹೆಸರು ಕೆತ್ತುವುದುಂಟು. ಹಾಗೆ ಮಾಡಿದಲ್ಲಿ ಕೊಳ್ಳುವವರು ವಂಚನೆಗೊಳಗಾಗುವುದಲ್ಲದೆ, ನಿಜವಾಗಿಯೂ ಹಳೆಯದಾದ ಆಯುಧವೊಂದು ಶಾಶ್ವತವಾಗಿ ಹಾಳಾಗುತ್ತದೆ.

ಆಯುಧದ ಕಾಲ ಮತ್ತು ಕೆತ್ತನೆಯ ಕಾಲ

ಅಲಗು, ಹಿಡಿ ಮತ್ತು ಕೆತ್ತನೆ ಈ ಮೂರೂ ಬೇರೆ ಬೇರೆ ಕಾಲಕ್ಕೆ ಸೇರಿರಬಹುದು. ಆದ್ದರಿಂದ ಮೂರನ್ನೂ ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು. ಅಲಗು ಹಳೆಯದೆಂಬ ಮಾತ್ರಕ್ಕೆ ಹೆಸರೂ ಹಳೆಯದೆಂದು ಭಾವಿಸುವಂತಿಲ್ಲ. ಅದೇ ರೀತಿ, ನಂತರ ಕೆತ್ತಿದ ಹೆಸರೆಲ್ಲವೂ ನಕಲಿಯಲ್ಲ. ಮೈಸೂರು ಅರಮನೆಯ ಆಯುಧಶಾಲೆಯಲ್ಲಿನ ಹಿಂದಿನ ಕಾಲದ ಆಯುಧಗಳಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮುದ್ರೆ ಮತ್ತು ಸಂಖ್ಯೆಗಳನ್ನು ಹಾಕಲಾಯಿತು. ಮನೆತನದ ಹಿರಿಯರು ಗುರುತಿಗಾಗಿ ತಮ್ಮ ಹೆಸರನ್ನು ಕೆತ್ತಿಸಿದ್ದರೆ ಅದೂ ಆ ವಸ್ತುವಿನ ಇತಿಹಾಸದ ಭಾಗವೇ ಆಗಿರುತ್ತದೆ. ಇಲ್ಲದ ಕಾಲವನ್ನು ಅಥವಾ ಇಲ್ಲದ ಒಡೆಯನನ್ನು ಸೂಚಿಸಿ ಮೋಸಗೊಳಿಸುವ ಉದ್ದೇಶದಿಂದ ಮಾಡಿದ ಕೆತ್ತನೆ ಮಾತ್ರ ನಕಲಿ ಎನಿಸುತ್ತದೆ.

ಕೆತ್ತನೆಯನ್ನು ಪರಿಶೀಲಿಸುವ ವಿಧಾನ

ಈ ಕೆಳಕಂಡ ಅಂಶಗಳನ್ನು ಹಗಲು ಬೆಳಕಿನಲ್ಲಿ, ಭೂತಗನ್ನಡಿಯ ಸಹಾಯದಿಂದ ಗಮನಿಸಬಹುದಾಗಿದೆ.

1. ಗೀರಿನ ಸ್ವರೂಪ: ಕೈ ಉಳಿಯಿಂದ ಕೆತ್ತಿದ ಗೀರಿನ ಆಳ ಮತ್ತು ಅಗಲ ಕೈಯ ಒತ್ತಡಕ್ಕೆ ತಕ್ಕಂತೆ ವ್ಯತ್ಯಾಸಗೊಳ್ಳುತ್ತದೆ. ತಿರುಗುವ ವಿದ್ಯುತ್ ಉಪಕರಣದ ಗೀರು ಒಂದೇ ಸಮನಾಗಿದ್ದು, ತಳ ದುಂಡಗಿರುತ್ತದೆ. ಒಳಗೆ ಸಣ್ಣ ಅದುರಿನ ಗುರುತುಗಳು ಕಾಣುತ್ತವೆ. ಚಿನ್ನದ ತಂತಿ ಕೂರಿಸಿದ ಹಳೆಯ ಕೆಲಸದಲ್ಲಿ, ಚಿನ್ನ ಉದುರಿದ ಕಡೆ ಅದನ್ನು ಹಿಡಿದಿಡಲು ಮಾಡಿದ ಅಡ್ಡ-ಉದ್ದ ಸಣ್ಣ ಗೆರೆಗಳು ಕಾಣುತ್ತವೆ. ಕೇವಲ ಬಣ್ಣ ಅಥವಾ ಲೇಪನ ಮಾಡಿದ್ದಲ್ಲಿ ಈ ಗೆರೆಗಳಿರುವುದಿಲ್ಲ.

2. ತುಕ್ಕು ಮತ್ತು ಸವೆತ: ತುಕ್ಕಿನ ಗುಳಿಯು ಅಕ್ಷರವನ್ನು ತಿಂದಿದ್ದರೆ ಅಕ್ಷರವು ಆ ತುಕ್ಕಿಗಿಂತ ಹಿಂದಿನದು. ಗೀರು ತುಕ್ಕಿನ ಗುಳಿಯನ್ನು ಕತ್ತರಿಸಿಕೊಂಡು ಹೋಗಿದ್ದು, ಅದರ ಅಂಚು ಹರಿತವಾಗಿಯೂ ಒಳಗಿನ ಲೋಹ ಹೊಳಪಾಗಿಯೂ ಇದ್ದಲ್ಲಿ ಕೆತ್ತನೆ ತುಕ್ಕಿನ ನಂತರದ್ದಾಗಿರುತ್ತದೆ. ಸುತ್ತಲಿನ ಅಲಂಕಾರ ಸವೆದಿದ್ದು ಹೆಸರು ಮಾತ್ರ ಸ್ಪಷ್ಟವಾಗಿದ್ದರೆ ಅನುಮಾನಿಸುವುದು ಸೂಕ್ತ.

3. ಲಿಪಿ ಮತ್ತು ಕಾಗುಣಿತ: ಹಳೆಯ ಕನ್ನಡ ಬರಹಗಳಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. 18ನೇ ಶತಮಾನದ್ದೆಂದು ಹೇಳಲಾಗುವ ಕೆತ್ತನೆಯಲ್ಲಿ ಇಂದಿನ ಅಚ್ಚಿನ ಅಕ್ಷರ ಹಾಗೂ ದೀರ್ಘದ ಗುರುತುಗಳು ಕಂಡುಬಂದಲ್ಲಿ ಎಚ್ಚರ ವಹಿಸಬೇಕು. ಈ ತಾಲ್ಲೂಕುಗಳ ಶಾಸನಗಳು 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕದ ಕೋಲಾರ ಜಿಲ್ಲೆಯ 10ನೇ ಸಂಪುಟದಲ್ಲಿವೆ. ಸ್ಥಳ ಮತ್ತು ಬಿರುದುಗಳ ಹಳೆಯ ರೂಪಗಳನ್ನು ಅದರೊಡನೆ ಹೋಲಿಸಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯು ಕೋಲಾರದಿಂದ ಬೇರ್ಪಟ್ಟು ರಚನೆಯಾದದ್ದು 2007ರಲ್ಲಿ. ಆದ್ದರಿಂದ ಹಳೆಯ ವರ್ಷದೊಂದಿಗೆ ಈ ಜಿಲ್ಲೆಯ ಹೆಸರಿದ್ದರೆ ಬೇರೆ ಪುರಾವೆಯೇ ಬೇಡ.

4. ಕಾಲಗಣನೆ: ಶಕ ವರ್ಷಕ್ಕೆ 78 ಕೂಡಿಸಿದಲ್ಲಿ ಕ್ರಿಸ್ತ ವರ್ಷ ದೊರೆಯುತ್ತದೆ. ಜೊತೆಯಲ್ಲಿರುವ ಸಂವತ್ಸರದ ಹೆಸರೂ ಅದಕ್ಕೆ ಹೊಂದಬೇಕು. ಉದಾಹರಣೆಗೆ, ಶಕ 1713 ವಿರೋಧಿಕೃತ್ ಸಂವತ್ಸರವಾಗಿದ್ದು, ಕ್ರಿ.ಶ. 1791-92ಕ್ಕೆ ಸರಿಹೊಂದುತ್ತದೆ. ಗತ ಮತ್ತು ವರ್ತಮಾನ ಎಣಿಕೆಯ ಕಾರಣ ಒಂದು ವರ್ಷದ ವ್ಯತ್ಯಾಸ ಬರಬಹುದು. ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದಲ್ಲಿ ಪರಿಶೀಲನೆ ಅಗತ್ಯ. ಟಿಪ್ಪು ಸುಲ್ತಾನನು ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಅವನ ನಾಣ್ಯಗಳಲ್ಲಿ ಬಲದಿಂದ ಎಡಕ್ಕೆ ಬರೆಯಲಾಗಿದೆ. ಹುಲಿಪಟ್ಟೆಯ ಅಲಂಕಾರವನ್ನು ಯಾರು ಬೇಕಾದರೂ ಅನುಕರಿಸಬಹುದಾದ್ದರಿಂದ ಅದೊಂದೇ ಟಿಪ್ಪುವಿನ ಆಯುಧವೆಂಬುದಕ್ಕೆ ಆಧಾರವಾಗುವುದಿಲ್ಲ.

5. ತಯಾರಿಕೆಯ ಮುದ್ರೆಗಳು: ಇಷಾಪುರ ಬಂದೂಕು ಕಾರ್ಖಾನೆಯ ಬಯೊನೆಟ್‌ಗಳ ಮೇಲೆ ‘ಆರ್.ಎಫ್.ಐ.’ ಹಾಗೂ ಕಿರೀಟದೊಂದಿಗೆ ‘ಜಿ.ಆರ್.ಐ.’ ಎಂಬ ಮುದ್ರೆಗಳಿರುತ್ತವೆ. ಐದನೇ ಜಾರ್ಜ್ ದೊರೆಯು ಪಟ್ಟಕ್ಕೆ ಬಂದದ್ದು 1910ರಲ್ಲಿ. ಹೀಗಿರುವಾಗ ಅಂತಹ ಅಲಗಿನ ಮೇಲೆ 1857ರ ಸಿಪಾಯಿಯ ಹೆಸರಿದ್ದಲ್ಲಿ ಅದು ನೈಜವಾಗಿರಲಾರದು.

ಪೂರಕ ದಾಖಲೆಗಳು

ಕೆತ್ತನೆಯು ತಾನಾಗಿಯೇ ಒಡೆತನವನ್ನು ಸಾಬೀತುಪಡಿಸುವುದಿಲ್ಲ. ಇನಾಮು ಪತ್ರ, ವಿಭಾಗ ಪತ್ರ, ಸೈನ್ಯದಿಂದ ಬಿಡುಗಡೆಯಾದ ಪ್ರಮಾಣಪತ್ರ, ಹಳೆಯ ಛಾಯಾಚಿತ್ರ ಮುಂತಾದವುಗಳನ್ನು ಆಯುಧದೊಂದಿಗೆ ಕಾಪಾಡತಕ್ಕದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ಯುದ್ಧದಲ್ಲಿ ಪಾಲ್ಗೊಂಡ ಮೈಸೂರು ಲ್ಯಾನ್ಸರ್ಸ್ ದಳದ ಸವಾರನೊಬ್ಬನ ಹೆಸರು ಅಲಗಿನ ಮೇಲಿದೆ ಎಂದುಕೊಂಡಲ್ಲಿ, ಮನೆಯಲ್ಲಿರುವ ಪದಕವನ್ನೂ ನೋಡಬೇಕು. ಮೊದಲನೇ ಮಹಾಯುದ್ಧದ ಬ್ರಿಟಿಷ್ ಪದಕಗಳ ಅಂಚಿನ ಮೇಲೆ ಪಡೆದವರ ಹೆಸರು ಮತ್ತು ದಳವನ್ನು ನಮೂದಿಸಲಾಗುತ್ತಿತ್ತು. ಎರಡೂ ಹೊಂದಿಕೆಯಾದಲ್ಲಿ ಸಾಮಾನ್ಯ ಸಿಪಾಯಿಯ ಹೆಸರೇ ಆದರೂ ಅದು ಆಧಾರವಿಲ್ಲದ ರಾಜನ ಹೆಸರಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಮಾಡಬಾರದ ಕೆಲಸಗಳು

ಆಯುಧಪೂಜೆಯ ಸಂದರ್ಭದಲ್ಲಿ ಹುಣಸೆಹಣ್ಣು, ಇಟ್ಟಿಗೆ ಪುಡಿ ಅಥವಾ ಉಪ್ಪುಕಾಗದದಿಂದ ಅಲಗನ್ನು ತಿಕ್ಕುವುದರಿಂದ ಮೇಲೆ ವಿವರಿಸಿದ ಗುರುತುಗಳು ಅಳಿಸಿಹೋಗುತ್ತವೆ. ಒಮ್ಮೆ ಅಳಿಸಿದಲ್ಲಿ ಯಾವ ತಜ್ಞರೂ ಅವುಗಳನ್ನು ಮರಳಿ ತರಲಾರರು. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ, ಅರಿಶಿನ ಕುಂಕುಮವನ್ನು ಪೀಠಕ್ಕೆ ಹಚ್ಚಿ ಪೂಜಿಸುವುದು ಸೂಕ್ತ. ಅಸ್ಪಷ್ಟವಾದ ಅಕ್ಷರಗಳನ್ನು ಮತ್ತೆ ತಿದ್ದಿಸಬಾರದು.

ಅನ್ವಯಿಸುವ ಕಾಯಿದೆಗಳು

ಪುರಾವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆ, 1972ರ ಪ್ರಕಾರ 100 ವರ್ಷಗಳಿಗೆ ಕಡಿಮೆಯಿಲ್ಲದ ಅವಧಿಯಿಂದ ಅಸ್ತಿತ್ವದಲ್ಲಿರುವ ಇಂತಹ ವಸ್ತುಗಳು ಪುರಾವಸ್ತುಗಳಾಗಿವೆ. ಇವುಗಳನ್ನು ಖಾಸಗಿಯವರು ವಿದೇಶಕ್ಕೆ ಕೊಂಡೊಯ್ಯುವಂತಿಲ್ಲ. ವಿದೇಶದಲ್ಲಿ ನೆಲೆಸಿರುವ ಮಕ್ಕಳಿಗೆ ಉಡುಗೊರೆಯಾಗಿ ಕಳುಹಿಸುವುದಕ್ಕೂ ಈ ನಿರ್ಬಂಧ ಅನ್ವಯಿಸುತ್ತದೆ. ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ. ಕಠಾರಿ ಮತ್ತು ಬಯೊನೆಟ್‌ಗಳು ಶಸ್ತ್ರಾಸ್ತ್ರ ನಿಯಮಗಳ 5ನೇ ವರ್ಗದಲ್ಲಿ ಸೇರಿರುವುದರಿಂದ, ಇಟ್ಟುಕೊಳ್ಳುವ ಬಗ್ಗೆ ಸಂದೇಹವಿದ್ದಲ್ಲಿ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಹೊಲ ಉಳುವಾಗ ಅಥವಾ ಪಾಯ ತೋಡುವಾಗ ದೊರೆತ ಆಯುಧವನ್ನು ಇಟ್ಟುಕೊಳ್ಳದೆ ತಹಶೀಲ್ದಾರರ ಗಮನಕ್ಕೆ ತರತಕ್ಕದ್ದು.

ಅರ್ಜಿದಾರರಿಗೆ ಸೂಚನೆ

ಅಭಿಪ್ರಾಯ ಕೋರುವವರು ಆಯುಧದ ಎರಡೂ ಬದಿಯ ಮತ್ತು ಕೆತ್ತನೆಯ ಸಮೀಪದ ಛಾಯಾಚಿತ್ರ, ಉದ್ದಳತೆ, ತೂಕ ಹಾಗೂ ಅದು ಮನೆತನಕ್ಕೆ ಬಂದ ಬಗೆಯನ್ನು ಬರವಣಿಗೆಯಲ್ಲಿ ಸಿದ್ಧಪಡಿಸಿಕೊಳ್ಳಬೇಕು. ತಿಳಿದದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯುವುದು ಉತ್ತಮ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಪ್ರಧಾನ ಕಚೇರಿ ಮೈಸೂರಿನಲ್ಲಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ಶಾಖೆಯು ಕನ್ನಡ, ತೆಲುಗು ಬರಹಗಳಿಗಾಗಿ ಮೈಸೂರಿನಲ್ಲಿಯೂ, ಪಾರಸಿ ಮತ್ತು ಅರಬ್ಬಿ ಬರಹಗಳಿಗಾಗಿ ನಾಗಪುರದಲ್ಲಿಯೂ ಕಾರ್ಯನಿರ್ವಹಿಸುತ್ತದೆ.

ವಸ್ತುವೊಂದು ಪುರಾವಸ್ತು ಹೌದೇ ಅಲ್ಲವೇ ಎಂಬ ಬಗ್ಗೆ ಸರ್ವೇಕ್ಷಣೆಯ ಮಹಾನಿರ್ದೇಶಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯ ತೀರ್ಮಾನವೇ ಅಂತಿಮ. ಆ ತೀರ್ಮಾನವು ವಸ್ತುವಿನ ಬೆಲೆಗೆ ಅಥವಾ ಅದರ ಮೇಲಿರುವ ಹೆಸರಿನ ಸತ್ಯತೆಗೆ ನೀಡಿದ ಪ್ರಮಾಣಪತ್ರವಲ್ಲ. ಈ ವ್ಯತ್ಯಾಸವನ್ನು ಮನಗಂಡು, ಪರಿಶೀಲನೆ ಮುಗಿಯುವವರೆಗೆ ಯಾವುದೇ ಮುಂಗಡ ಹಣವನ್ನು ನೀಡುವುದಾಗಲಿ ಪಡೆಯುವುದಾಗಲಿ ಮಾಡಬಾರದೆಂದು ಸಾರ್ವಜನಿಕರನ್ನು ಕೋರಲಾಗಿದೆ.