ಕೂಡುದಾರಿಗಳ ದೋಷವಿಚಾರ

ಹೆದ್ದಾರಿಯೊಂದರ ಗುಣಾವಗುಣಗಳನ್ನು ಅದರ ಅಗಲದಿಂದಲೂ ನೆಲದ ನುಣುಪಿನಿಂದಲೂ ಅಳೆಯುವುದು ಲೋಕದ ರೂಢಿ. ಆದರೆ ದಾರಿಗಳ ನಿರ್ಮಾಣವನ್ನು ಕೂಲಂಕಷವಾಗಿ ಪರಿಶೀಲಿಸಿದರೆ, ದೋಷಗಳು ಬಹುಮಟ್ಟಿಗೆ ದಾರಿಯ ನೇರವಾದ ಭಾಗದಲ್ಲಿ ತೋರದೆ, ಒಂದು ದಾರಿಯು ಮತ್ತೊಂದನ್ನು ಸೇರುವ ಸ್ಥಳದಲ್ಲಿಯೇ ತೋರುವುವೆಂಬುದು ವೇದ್ಯವಾಗುವುದು. ಪದಗಳೆರಡೂ ಶುದ್ಧವಾಗಿದ್ದು ಅವುಗಳ ಸಂಧಿಯು ತಪ್ಪಿದರೆ ವಾಕ್ಯವು ಹೇಗೆ ಕೆಡುವುದೋ, ಹಾಗೆಯೇ ಉತ್ತಮವಾದ ಎರಡು ಹೆದ್ದಾರಿಗಳು ಕೆಟ್ಟ ರೀತಿಯಲ್ಲಿ ಕೂಡಿದರೆ ಎರಡರ ಪ್ರಯೋಜನವೂ ಕೆಡುವುದು. ಇಂತಹ ಸ್ಥಳದಲ್ಲಿ ಅಪಘಾತವು ಸಂಭವಿಸಿದಾಗ ಚಾಲಕನ ಅಜಾಗರೂಕತೆಯೇ ಕಾರಣವೆಂದು ಹೇಳಿ ವಿಚಾರವನ್ನು ಮುಗಿಸುವುದುಂಟು. ಆ ನಿರ್ಣಯವು ಎಷ್ಟರ ಮಟ್ಟಿಗೆ ನ್ಯಾಯವಾದುದೆಂಬುದನ್ನು ತಿಳಿಯಬೇಕಾದರೆ, ಕೂಡುದಾರಿಯ ಲಕ್ಷಣವನ್ನೂ ಅದರ ದೋಷಗಳ ಮೂಲವನ್ನೂ ಮೊದಲು ನಿಶ್ಚಯಿಸಿಕೊಳ್ಳುವುದು ಅವಶ್ಯಕ.

1. ಲಕ್ಷಣ

ಒಂದೇ ಸ್ಥಳವನ್ನು ಕನ್ನಡದಲ್ಲಿ ಕವಲುದಾರಿಯೆಂದೂ ಕೂಡುದಾರಿಯೆಂದೂ ಕರೆಯಬಹುದು. ಊರನ್ನು ಬಿಟ್ಟು ಹೊರಡುವವನಿಗೆ ಅದು ಕವಲು. ಊರಿಗೆ ಹಿಂದಿರುಗುವವನಿಗೆ ಅದೇ ಕೂಡು. ಈ ಎರಡು ಹೆಸರುಗಳು ಸೂಚಿಸುವ ಅಗಲುವಿಕೆ, ಕೂಡುವಿಕೆಗಳ ಜೊತೆಗೆ ಅಡ್ಡಹಾಯುವಿಕೆಯೆಂಬ ಮೂರನೆಯ ವ್ಯಾಪಾರವೊಂದನ್ನು ಸೇರಿಸಿದರೆ ರಸ್ತೆಶಾಸ್ತ್ರಜ್ಞರ ವರ್ಗೀಕರಣವು ಪೂರ್ಣವಾಗುವುದು. ನಾಲ್ಕು ದಿಕ್ಕುಗಳಿಂದ ದಾರಿಗಳು ಬಂದು ಸೇರುವ ಸಾಮಾನ್ಯವಾದ ಚೌಕವೊಂದರಲ್ಲಿ, ಪ್ರತಿಯೊಂದು ಕಡೆಗೂ ಹೋಗಲು ಒಂದು, ಬರಲು ಒಂದು ಪಥವಿದೆಯೆಂದು ಭಾವಿಸಿ ವಾಹನಗಳ ಗತಿರೇಖೆಗಳನ್ನು ಕಾಗದದ ಮೇಲೆ ಬರೆದರೆ, ಒಂದು ವಾಹನವು ಮತ್ತೊಂದಕ್ಕೆ ತಾಕಬಹುದಾದ 32 ಬಿಂದುಗಳು ಏರ್ಪಡುವುವು. ಅವುಗಳಲ್ಲಿ 16 ಅಡ್ಡಹಾಯುವವು, 8 ಕೂಡುವವು, 8 ಅಗಲುವವು. ಅಡ್ಡಹಾಯುವ ಬಿಂದುವಿನಲ್ಲಿ ಒಂದು ವಾಹನವು ಮತ್ತೊಂದರ ಪಕ್ಕೆಗೆ ಬಡಿಯುವುದರಿಂದ ಪ್ರಾಣಹಾನಿಯ ಭಯವು ಅಲ್ಲಿ ಅಧಿಕ. ಅದೇ ಸ್ಥಳದಲ್ಲಿ ಒಂದು ಪಥದ ವೃತ್ತವನ್ನು ರಚಿಸಿ ವಾಹನಗಳೆಲ್ಲವೂ ಒಂದೇ ದಿಕ್ಕಿನಲ್ಲಿ ಸುತ್ತುವಂತೆ ಮಾಡಿದರೆ ಬಿಂದುಗಳ ಸಂಖ್ಯೆ 8ಕ್ಕೆ ಇಳಿಯುವುದು. ಅಡ್ಡಹಾಯುವ ಬಿಂದು ಒಂದೂ ಉಳಿಯದು.

ಇದರಿಂದ ಒಂದು ಸೂತ್ರವು ಸಿದ್ಧವಾಗುವುದು. ಕೂಡುದಾರಿಯನ್ನು ರಚಿಸುವವನು ಅಡ್ಡಹಾಯುವಿಕೆಯನ್ನು ನಿವಾರಿಸಬೇಕು. ಕೂಡುವುದಕ್ಕೂ ಅಗಲುವುದಕ್ಕೂ ಸಾಕಷ್ಟು ಅವಕಾಶವನ್ನು ಕೊಡಬೇಕು. ಅವಕಾಶವೆಂದರೆ ಇಲ್ಲಿ ಉದ್ದ; ಉದ್ದವೆಂದರೆ ಕಾಲ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನವು ಸೆಕೆಂಡಿಗೆ ಸುಮಾರು 28 ಮೀಟರು ಮುಂದುವರಿಯುವುದು. ಅಡೆತಡೆಯನ್ನು ಕಂಡು, ಗ್ರಹಿಸಿ, ಕಾಲನ್ನು ಬ್ರೇಕಿನ ಮೇಲಿಡುವುದಕ್ಕೆ ಚಾಲಕನಿಗೆ 2.5 ಸೆಕೆಂಡು ಬೇಕೆಂದು ವಿನ್ಯಾಸಕಾರರು ಸಾಮಾನ್ಯವಾಗಿ ಎಣಿಸುವರು. ಅಷ್ಟರಲ್ಲಿಯೇ 70 ಮೀಟರು ಕಳೆದುಹೋಗಿರುವುದು, ವೇಗವಿನ್ನೂ ಕುಗ್ಗಲಾರಂಭಿಸಿರುವುದಿಲ್ಲ. ಈ ಲೆಕ್ಕವನ್ನು ಮರೆತು ರಚಿಸಿದ ಕೂಡುದಾರಿಯು ಚಾಲಕನಿಂದ ಮನುಷ್ಯಶಕ್ತಿಗೆ ಮೀರಿದುದನ್ನು ಬೇಡುವುದು.

2. ನಾಲ್ಕೆಲೆಯ ಮಾದರಿ

ಅಡ್ಡಹಾಯುವಿಕೆಯನ್ನು ಸಂಪೂರ್ಣವಾಗಿ ನಿವಾರಿಸುವ ಪ್ರಯತ್ನಗಳಲ್ಲಿ ಪ್ರಸಿದ್ಧವಾದುದು ಕ್ಲೋವರ್ ಗಿಡದ ನಾಲ್ಕು ಎಲೆಗಳ ಆಕಾರದ ಕೂಡುದಾರಿ. ಇದಕ್ಕೆ ಅಮೆರಿಕದ ಆರ್ಥರ್ ಹೇಲ್ ಎಂಬವರು 1916ರಲ್ಲಿ ಪೇಟೆಂಟನ್ನು ಪಡೆದರು. ಆ ದೇಶದಲ್ಲಿ ಇಂತಹ ಮೊದಲನೆಯ ರಚನೆಯು 1929ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ವುಡ್‌ಬ್ರಿಜ್ ಎಂಬಲ್ಲಿ ಸಿದ್ಧವಾಯಿತು. ಒಂದು ದಾರಿ ಸೇತುವೆಯ ಮೇಲೆ, ಮತ್ತೊಂದು ಅದರ ಕೆಳಗೆ. ಎಡಬದಿಯ ಸಂಚಾರವಿರುವ ನಮ್ಮ ದೇಶದಲ್ಲಿಯಾದರೆ, ಬಲಕ್ಕೆ ತಿರುಗಬೇಕಾದವನು ಸೇತುವೆಯನ್ನು ದಾಟಿ, ಎಡಕ್ಕೆ ಮುಕ್ಕಾಲು ಸುತ್ತು ಬಳಸಿ ಎರಡನೆಯ ದಾರಿಯನ್ನು ಸೇರುವನು. ಎಲ್ಲಿಯೂ ನಿಲ್ಲಬೇಕಾಗಿಲ್ಲ, ಯಾರ ಎದುರಿಗೂ ಅಡ್ಡಹಾಯಬೇಕಾಗಿಲ್ಲ. ಮೇಲಿನಿಂದ ನೋಡುವವರಿಗೆ ಇದರ ಆಕಾರವು ರಮಣೀಯವಾಗಿಯೂ ತೋರುವುದು.

ಆದರೆ ಈ ಸೌಂದರ್ಯದೊಳಗೆ ಒಂದು ದೋಷವು ಅಡಗಿದೆ. ಒಂದು ಎಲೆಯಿಂದ ದಾರಿಗೆ ಬಂದು ಸೇರುವವರು ಸೇತುವೆಗೆ ಮೊದಲು ಒಳಬರುವರು. ಮುಂದಿನ ಎಲೆಗೆ ಹೊರಡುವವರು ಸೇತುವೆಯನ್ನು ದಾಟಿದೊಡನೆಯೇ ಹೊರಹೋಗುವರು. ಹೀಗಾಗಿ ಇವೆರಡರ ನಡುವಣ ಕಿರಿದಾದ ಅಂತರದಲ್ಲಿ ಒಳಬಂದವನು ಬಲಕ್ಕೂ, ಹೊರಡುವವನು ಎಡಕ್ಕೂ ಸರಿಯಬೇಕಾಗುವುದು. ಜಡೆ ಹೆಣೆಯುವಾಗ ಎಳೆಗಳು ಒಂದರ ಸ್ಥಾನವನ್ನು ಮತ್ತೊಂದು ಪಡೆಯುವಂತೆ ವಾಹನಗಳು ಸ್ಥಾನಪಲ್ಲಟವನ್ನು ಮಾಡಿಕೊಳ್ಳುವುದರಿಂದ ಇದನ್ನು ಹೆಣಿಗೆಯೆನ್ನಬಹುದು. ಈ ಅಂತರವು 150 ಮೀಟರು, ವೇಗವು ಗಂಟೆಗೆ 60 ಕಿಲೋಮೀಟರು ಎಂದಿಟ್ಟುಕೊಂಡರೆ, ಇಡೀ ವ್ಯಾಪಾರಕ್ಕೆ ದೊರೆಯುವ ಕಾಲವು 9 ಸೆಕೆಂಡು. ವಾಹನಗಳು ವಿರಳವಾಗಿದ್ದಾಗ ಇದು ಸಾಲುವುದು. ದಟ್ಟವಾದಾಗ ಒಬ್ಬನು ತಡೆದನೆಂದರೆ ಹಿಂದಿನ ಸಾಲೆಲ್ಲವೂ ನಿಲ್ಲುವುದು. ಅಡ್ಡಹಾಯುವಿಕೆಯನ್ನು ನೀಗಿದೆವೆಂದು ಭಾವಿಸಿದ ಸ್ಥಳದಲ್ಲಿ ಅದೇ ದೋಷವು ಓರೆಯಾದ ರೂಪದಲ್ಲಿ ಮರಳಿ ಬಂದಿರುವುದು.

ಪರಿಹಾರವಿಲ್ಲದೆ ಇಲ್ಲ. ಹೆಣಿಗೆಯ ಭಾಗವನ್ನು ಮುಖ್ಯಪಥದಿಂದ ಬೇರ್ಪಡಿಸಿ ಪಕ್ಕದ ದಾರಿಯೊಂದರಲ್ಲಿ ನಡೆಯುವಂತೆ ಮಾಡಬಹುದು. ಇಲ್ಲವೆ ಕರ್ಣಾಭಿಮುಖವಾದ ಎರಡು ಎಲೆಗಳನ್ನು ತೆಗೆದುಹಾಕಿ, ಆ ತಿರುವುಗಳಿಗೆ ಬೇರೆಯ ಏರುದಾರಿಗಳನ್ನು ಕಟ್ಟಬಹುದು. ಅಮೆರಿಕದಲ್ಲಿ ಹಳೆಯ ನಾಲ್ಕೆಲೆಗಳನೇಕವನ್ನು ಈ ಕಾರಣದಿಂದಲೇ ಮಾರ್ಪಡಿಸಿರುವರು.

3. ಬ್ರೀಜ್‌ವುಡ್ಡಿನ ಭಂಗ

ಮೇಲೆ ಹೇಳಿದ ದೋಷವು ರೇಖಾಗಣಿತಕ್ಕೆ ಸಂಬಂಧಿಸಿದುದು. ರೇಖಾಗಣಿತಕ್ಕೆ ಸಂಬಂಧಪಡದೆ, ಕೇವಲ ಕಾನೂನಿನಿಂದ ಹುಟ್ಟಿದ ದೋಷವೂ ಉಂಟೆಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಬ್ರೀಜ್‌ವುಡ್ ಎಂಬ ಸಣ್ಣ ಊರು ನಿದರ್ಶನವಾಗಿದೆ.

ಈ ಸಂಸ್ಥಾನದ ಸುಂಕದ ಹೆದ್ದಾರಿಯು 1940ರ ಅಕ್ಟೋಬರ್ 1ರಂದು 160 ಮೈಲಿಗಳ ಉದ್ದಕ್ಕೆ ತೆರೆಯಲ್ಪಟ್ಟಿತು. ಕೇಂದ್ರ ಸರಕಾರದ ಬೃಹತ್ತಾದ ಹೆದ್ದಾರಿ ಯೋಜನೆಯು ಆರಂಭವಾದುದು ಅನಂತರ, 1956ರಲ್ಲಿ. ಆ ವರ್ಷದ ಕಾನೂನು ಹೊಸ ದಾರಿಗಳ ವೆಚ್ಚದಲ್ಲಿ ನೂರಕ್ಕೆ 90 ಪಾಲನ್ನು ಕೇಂದ್ರವೇ ಕೊಡುವಂತೆ ವಿಧಿಸಿತಾದರೂ, ಸಾರ್ವಜನಿಕ ಧನವು ಸುಂಕದ ದಾರಿಗಳಿಗೆ ಸಲ್ಲಬಾರದೆಂಬ ಉದ್ದೇಶದಿಂದ ಕೆಲವು ನಿಬಂಧನೆಗಳನ್ನು ಹಾಕಿತು. ಸುಂಕದ ಹೆದ್ದಾರಿಯನ್ನು ಮುಟ್ಟುವ ದಾರಿಗೆ ಕೇಂದ್ರದ ಹಣವನ್ನು ಬಳಸಬೇಕಾದರೆ, ಸುಂಕ ಕೊಡಲೊಲ್ಲದವನಿಗೂ ಆ ದಾರಿಯಿಂದ ಉಪಯೋಗವಿರಬೇಕು. ಇಲ್ಲವೆ ಸಾಲ ತೀರಿದೊಡನೆ ಸುಂಕವನ್ನು ತೆಗೆದುಹಾಕುವುದಾಗಿ ಒಪ್ಪಿಕೊಳ್ಳಬೇಕು. ಎರಡನೆಯದಕ್ಕೆ ಸಮ್ಮತಿಯು ದೊರೆಯಲಿಲ್ಲ. ಆದುದರಿಂದ ದಕ್ಷಿಣದ ಮೇರಿಲೆಂಡಿನಿಂದ ಬರುವ 70ನೆಯ ಅಂತರ್‌ಸಂಸ್ಥಾನ ಹೆದ್ದಾರಿಯನ್ನು ಸುಂಕದ ಹೆದ್ದಾರಿಗೆ ನೇರವಾಗಿ ಸೇರಿಸದೆ, ಬ್ರೀಜ್‌ವುಡ್ಡಿನಲ್ಲಿ ಹಳೆಯ 30ನೆಯ ಸಂಖ್ಯೆಯ ದಾರಿಗೆ ಇಳಿಯಬಿಟ್ಟರು.

ಇದರ ಫಲವು ಇಂದಿಗೂ ಪ್ರತ್ಯಕ್ಷವಾಗಿದೆ. ಪೂರ್ವದ ಬಾಲ್ಟಿಮೋರಿನಿಂದ ಪಶ್ಚಿಮದ ಯೂಟಾದವರೆಗೆ 2,000 ಮೈಲಿಗಳಿಗೂ ಮೀರಿ ಹಬ್ಬಿರುವ ಹೆದ್ದಾರಿಯಲ್ಲಿ ನಿರಾತಂಕವಾಗಿ ಬರುವ ಪ್ರಯಾಣಿಕನು ಇಲ್ಲಿ ಥಟ್ಟನೆ ಊರಿನ ಬೀದಿಗೆ ಬೀಳುವನು. ಸಂಕೇತದೀಪಗಳು, ಪೆಟ್ರೋಲಿನ ಅಂಗಡಿಗಳು, ಊಟದ ಮನೆಗಳು, ವಸತಿಗೃಹಗಳು. ಮೈಲಿಯೊಂದಕ್ಕೂ ಕಡಮೆಯಾದ ಈ ಬೀದಿಯನ್ನು ಲಾರಿಗಳ ಸಾಲಿನೊಡನೆ ತೆವಳಿ ದಾಟಿದ ಮೇಲೆ ಮತ್ತೆ ಹೆದ್ದಾರಿ. ಕಾನೂನಿನ ನಿಬಂಧನೆಗಳು ಮುಂದೆ ಸಡಿಲವಾದರೂ ಭಂಗವು ತುಂಬಲಿಲ್ಲ. ಏಕೆಂದರೆ ನಿಂತು ಹೋಗುವ ಪ್ರಯಾಣಿಕನಿಂದ ಜೀವಿಸುವ ಊರೊಂದು ಅಷ್ಟರಲ್ಲಿ ಅಲ್ಲಿ ಬೆಳೆದಿತ್ತು. ದೋಷವು ದೀರ್ಘಕಾಲ ಉಳಿದರೆ ಅದಕ್ಕೆ ಆಶ್ರಿತರು ಹುಟ್ಟುವರು; ಆಗ ಅದನ್ನು ತಿದ್ದುವುದು ಕಟ್ಟುವುದಕ್ಕಿಂತ ಕಷ್ಟವಾಗುವುದು. ಅಮೆರಿಕದ ರಸ್ತೆಪ್ರಿಯರು ಇಂತಹ ಭಂಗವು ಎಲ್ಲಿದ್ದರೂ ಅದನ್ನು ಬ್ರೀಜ್‌ವುಡ್ ಎಂದೇ ಕರೆಯುವರು. ಅಂಕಿತನಾಮವು ರೂಢನಾಮವಾಗಿ ಪರಿಣಮಿಸಿದುದಕ್ಕೆ ಇದೊಂದು ವಿಚಿತ್ರವಾದ ಉದಾಹರಣೆ.

4. ಆಕಾರದ ಜಟಿಲತೆ ದೋಷವಲ್ಲ

ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದ ವೃತ್ತವನ್ನು ನೋಡಬಹುದು. 1972ರಲ್ಲಿ ಫ್ರಾಂಕ್ ಬ್ಲಾಕ್‌ಮೋರ್ ಎಂಬ ತಜ್ಞರ ಯೋಜನೆಯಂತೆ ರಚಿತವಾದ ಇದರಲ್ಲಿ ಒಂದು ನಡುವೃತ್ತದ ಸುತ್ತಲೂ ಐದು ಕಿರುವೃತ್ತಗಳಿವೆ. ಕಿರುವೃತ್ತಗಳಲ್ಲಿ ವಾಹನಗಳು ಪ್ರದಕ್ಷಿಣವಾಗಿ ಸುತ್ತಿದರೆ, ನಡುವೃತ್ತದಲ್ಲಿ ಅಪ್ರದಕ್ಷಿಣವಾಗಿ ಸುತ್ತುವುವು. ನಕ್ಷೆಯನ್ನು ಮೊದಲಬಾರಿಗೆ ನೋಡಿದವರು ಗಾಬರಿಗೊಳ್ಳುವರು. ಆದರೂ ಅದು ಕಟ್ಟಿದಂದಿನಿಂದ ಕೆಲಸಮಾಡುತ್ತ ಬಂದಿದೆ. ಕಾರಣವೇನೆಂದರೆ, ಅಲ್ಲಿ ವೇಗವು ಅಲ್ಪ. ಚಾಲಕನು ಒಂದು ಬಾರಿಗೆ ಒಂದೇ ನಿರ್ಣಯವನ್ನು ಮಾಡಬೇಕು. ಆ ನಿರ್ಣಯವೂ ಎಲ್ಲೆಡೆಯಲ್ಲಿ ಒಂದೇ, ಅಂದರೆ ವೃತ್ತದೊಳಗಿರುವವನಿಗೆ ದಾರಿ ಬಿಡುವುದು. ಬ್ರೀಜ್‌ವುಡ್ಡಿನ ನೇರವಾದ ಬೀದಿ ನೋಡಲು ಸರಳ, ನಡೆಯಲು ಕ್ಲೇಶಕರ. ಸ್ವಿಂಡನ್ನಿನ ವೃತ್ತವು ನೋಡಲು ಜಟಿಲ, ನಡೆಯಲು ಸುಗಮ. ಆದುದರಿಂದ ಕೂಡುದಾರಿಯ ಯೋಗ್ಯತೆಯನ್ನು ನಕ್ಷೆಯ ಸರಳತೆಯಿಂದ ಅಳೆಯದೆ, ಪ್ರತಿಯೊಂದು ಹೆಜ್ಜೆಯಲ್ಲಿಯೂ ಚಾಲಕನ ಮೇಲೆ ಬೀಳುವ ಭಾರದಿಂದ ಅಳೆಯತಕ್ಕದ್ದು.

5. ಕರ್ನಾಟಕದ ಎರಡು ನಿದರ್ಶನಗಳು

ಬೆಂಗಳೂರಿನ ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವುವು. ಅಲ್ಲಿಯ ಮೇಲ್ಸೇತುವೆಯು ಸಂಚಾರಕ್ಕೆ ತೆರೆದುದು 2003ರಲ್ಲಿ. ಐದು ವರ್ಷಗಳ ತರುವಾಯ, 2008ರ ಮೇ ತಿಂಗಳಿನಲ್ಲಿ, ದೇವನಹಳ್ಳಿಯ ವಿಮಾನನಿಲ್ದಾಣವು ಆರಂಭವಾಗಲು, ನಗರದ ಅಂಚಿನ ಕೂಡುದಾರಿಯಾಗಿದ್ದುದು ನಗರದ ಹೆಬ್ಬಾಗಿಲಾಯಿತು. ಹೊರವರ್ತುಲದ ಪೂರ್ವಭಾಗದಲ್ಲಿ ಉದ್ಯೋಗಶಾಲೆಗಳು ಬೆಳೆದು ಅಲ್ಲಿಯ ಸಂಚಾರವೂ ಸೇತುವೆಯನ್ನೇ ಆಶ್ರಯಿಸಿತು. 2014ರಲ್ಲಿ ಉತ್ತರದ ಕಡೆಯಲ್ಲಿ ಎತ್ತರಿಸಿದ ರಸ್ತೆಯನ್ನು ಕಟ್ಟಿ ಸಂಕೇತದೀಪಗಳ ತಡೆಯನ್ನು ನಿವಾರಿಸಿದಾಗ, ವಾಹನಗಳು ಹೆಬ್ಬಾಳಕ್ಕೆ ಇನ್ನೂ ಬೇಗ ಬಂದುವು. ಆದರೆ ಹೆಬ್ಬಾಳವನ್ನು ದಾಟುವ ದಾರಿಯು ಮೊದಲಿದ್ದಷ್ಟೇ ಇತ್ತು.

ಇಲ್ಲಿಯ ತತ್ತ್ವವು ಸುಲಭವಾದುದು. ಒಂದು ಪಥದಲ್ಲಿ ಗಂಟೆಗೆ ಸುಮಾರು 2,000 ವಾಹನಗಳಿಗಿಂತ ಬಹಳ ಹೆಚ್ಚಾಗಿ ಹಾಯಲಾರವು. ತುಂಬಿದ ಎರಡು ಪಥಗಳಿಗೆ ಪಕ್ಕದಿಂದ ತುಂಬಿದ ಮತ್ತೊಂದು ಪಥವು ಬಂದು ಸೇರಿ, ಮುಂದೆ ಎರಡೇ ಪಥಗಳಿದ್ದರೆ, ಗಂಟೆಗೆ 6,000 ಬಂದು 4,000 ಹೋಗಬೇಕಾಗುವುದು. ಉಳಿದ 2,000 ಹಿಂದಕ್ಕೆ ಸಾಲುಗಟ್ಟುವುವು. ಸೇತುವೆಯು ಎಷ್ಟು ಎತ್ತರವಾಗಿದ್ದರೇನು, ಇಳಿಯುವ ಸ್ಥಳದಲ್ಲಿ ಪಥಗಳ ಸಂಖ್ಯೆ ಹೊಂದದಿದ್ದರೆ ತಡೆಯು ತಪ್ಪದು. 2025ರ ಆಗಸ್ಟಿನಲ್ಲಿ ನಾಗವಾರದ ಕಡೆಯಿಂದ ನಗರದ ಕಡೆಗೆ ಹೊಸ ಕವಲೊಂದನ್ನು ತೆರೆದುದು ಈ ಸಂಕಟವನ್ನು ಹಂಚುವ ಪ್ರಯತ್ನ.

ಎರಡನೆಯ ನಿದರ್ಶನವು ಬೆಂಗಳೂರು–ಮೈಸೂರು ಹೆದ್ದಾರಿ. ಸುಮಾರು 118 ಕಿಲೋಮೀಟರುಗಳ ಈ ದಾರಿಯನ್ನು 2023ರ ಮಾರ್ಚ್ 12ರಂದು ಉದ್ಘಾಟಿಸಲಾಯಿತು. ನಡುವೆ ಆರು ಪಥಗಳು. ಇಕ್ಕೆಲಗಳಲ್ಲಿಯೂ ಎರಡೆರಡು ಪಥಗಳ ಸೇವಾರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿಹೋಗುವ ಉಪಮಾರ್ಗಗಳು. ಆರಂಭದ ತಿಂಗಳುಗಳಲ್ಲಿ ಸಂಭವಿಸಿದ ಅಪಘಾತಗಳು ನಾಡಿನ ಗಮನವನ್ನು ಸೆಳೆದುವು. ಆ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರವಾಹನ, ಆಟೋರಿಕ್ಷಾ, ಟ್ರ್ಯಾಕ್ಟರು ಮೊದಲಾದ ಮಂದಗತಿಯ ವಾಹನಗಳನ್ನು ಮುಖ್ಯಪಥದಿಂದ ನಿಷೇಧಿಸಿದರು. ವೇಗದ ಅಂತರವೇ ಘಾತಕವಾದುದರಿಂದ ನಿಷೇಧಕ್ಕೆ ಆಧಾರವುಂಟು. ಆದರೆ ಮುಖ್ಯಪಥದಿಂದ ಹೊರಗಿಟ್ಟವನಿಗೆ ಸೇವಾರಸ್ತೆಯು ಅಖಂಡವಾಗಿ ದೊರೆಯಬೇಕು. ಅದು ಎಲ್ಲೆಡೆಯೂ ಅಖಂಡವಾಗಿಲ್ಲವೆಂಬ ದೂರು ಮೊದಲಿನಿಂದಲೂ ಕೇಳಿಬಂದಿತು.

ಕೂಡುದಾರಿಯೆಂಬುದು ವಾಹನಗಳಿಗೆ ಮಾತ್ರ ಸಂಬಂಧಿಸಿದುದಲ್ಲವೆಂಬುದು ಇಲ್ಲಿ ಸ್ಪಷ್ಟವಾಗುವುದು. ಹಿಂದೆ ಮನೆಯಿಂದ ಹೊಲಕ್ಕೂ ಹಳ್ಳಿಯಿಂದ ಶಾಲೆಗೂ ನೇರವಾಗಿ ದಾಟುತ್ತಿದ್ದವನಿಗೆ ಹೆದ್ದಾರಿಯು ಹೊಳೆಯಂತೆ ಅಡ್ಡವಾಗುವುದು. ಕೆಳಸೇತುವೆಯು ಒಂದು ಕಿಲೋಮೀಟರು ಆಚೆಗಿದ್ದರೆ, ಎದುರಿಗೇ ಕಾಣುವ ಹೊಲವನ್ನು ಮುಟ್ಟಲು ಎರಡು ಕಿಲೋಮೀಟರು ನಡೆಯಬೇಕು. ಬೇಲಿಯನ್ನು ಹತ್ತಿ ದಾಟುವವನನ್ನು ದೂಷಿಸುವ ಮೊದಲು ಈ ಲೆಕ್ಕವನ್ನು ಮಾಡುವುದು ಉಚಿತ.

6. ನಿರ್ಣಯ

ಇಲ್ಲಿಯವರೆಗಿನ ವಿಚಾರದಿಂದ ಕೂಡುದಾರಿಯ ದೋಷಗಳನ್ನು ಮೂರಾಗಿ ವಿಂಗಡಿಸಬಹುದು. ನಿರ್ಣಯಕ್ಕೆ ಬೇಕಾದ ಉದ್ದವನ್ನು ಕೊಡದಿರುವುದು ಮೊದಲನೆಯದು. ನಾಲ್ಕೆಲೆಯ ಹೆಣಿಗೆಯು ಇದಕ್ಕೆ ಸೇರಿದುದು. ಒಂದು ಪ್ರಯಾಣವನ್ನು ಎರಡು ಅಧಿಕಾರಗಳು ಹಂಚಿಕೊಂಡು, ನಡುವಣ ತುಣುಕನ್ನು ಯಾರೂ ತಮ್ಮದೆನ್ನದಿರುವುದು ಎರಡನೆಯದು. ಬ್ರೀಜ್‌ವುಡ್ ಇದರ ಮಾದರಿ. ಕಟ್ಟಿದ ಕಾಲದ ಅಳತೆಗೆ ಹೊಂದಿದ್ದು, ಊರು ಬೆಳೆದಾಗ ಹೊಂದದೆಹೋಗುವುದೂ, ದಾರಿಯ ಪಕ್ಕದಲ್ಲಿ ಬಾಳುವವರನ್ನು ಎಣಿಕೆಗೆ ತಾರದಿರುವುದೂ ಮೂರನೆಯದು. ಕರ್ನಾಟಕದ ನಿದರ್ಶನಗಳು ಇದನ್ನು ತೋರಿಸುವುವು. ಈ ಮೂರರಲ್ಲಿ ಯಾವುದೂ ದಾರಿಯನ್ನು ಅಗಲಮಾಡುವುದರಿಂದ ಮಾತ್ರವೇ ನಿವಾರಣೆಯಾಗದು.

ಒಬ್ಬ ಚಾಲಕನು ಒಂದು ದಿನ ತಪ್ಪಿದರೆ ಅದು ಅವನ ಪ್ರಮಾದವಾಗಿರಬಹುದು. ಬೇರೆಬೇರೆ ಚಾಲಕರು ಒಂದೇ ಸ್ಥಳದಲ್ಲಿ, ಒಂದೇ ರೀತಿಯಲ್ಲಿ, ವರ್ಷವರ್ಷವೂ ತಪ್ಪುತ್ತಿದ್ದರೆ ಆ ತಪ್ಪು ನೆಲದ ಮೇಲೆಯೇ ಬರೆದಿದೆಯೆಂದು ತಿಳಿಯಬೇಕು. ಅಂತಹ ಸ್ಥಳದಲ್ಲಿ ಎಚ್ಚರಿಕೆಯ ಫಲಕವನ್ನು ನೆಡುವುದು ದೋಷವನ್ನು ಸಾರಿದಂತಾಯಿತೇ ಹೊರತು, ತಿದ್ದಿದಂತಾಗಲಿಲ್ಲ.